ಬುತ್ತಿಯಲ್ಲಿ ಬಿಟ್ಟುಹೋದ ಬಣ್ಣ

ಚಿತ್ರ ಪರದೆಯ ಮೇಲೆ ಪೂರ್ತಿ ಬಿಚ್ಚಿಕೊಳ್ಳುವ ಮೊದಲೇ ಕ್ರಿಸಾಂತಾಳ ಕೈ ಮೌಸಿನ ಮೇಲೆ ನಿಂತುಹೋಯಿತು. ದೋಣಿಯ ಅಂಚಿನಲ್ಲಿ ಕುಳಿತು ಕಾಲು ಆಡಿಸುತ್ತಿದ್ದವಳು ಅವರ ಕಾರ್ಟೂನ್ ಧಾರಾವಾಹಿಯ ನಾಯಕಿ ಮೆರ್ಸಿಯೇ ಹೌದು. ಅದೇ ಗುಂಗುರು ಕೂದಲು, ಅದೇ ಸಂದು ಬಿಟ್ಟ ಹಲ್ಲು. ಮೈಬಣ್ಣ ಮಾತ್ರ ಹಾಲು ಜಾಸ್ತಿಯಾದ ಚಹಾದ ಹಾಗಿತ್ತು.

"ಏನೇ ಇದು, ನಿಮ್ಮ ಫ್ಲೋರೆಸ್ ದ್ವೀಪದ ಹುಡುಗಿ ಪೌಡರ್ ಬಳ್ಕೊಂಡು ಬಂದವ್ಳೆ!" ಪಕ್ಕದ ಮೇಜಿನ ವಿವಿತ್ ಕರಿದ ಸೋಯಾ ಟೆಂಪೆ ಕಡಿಯುತ್ತ ನಕ್ಕ.

ಕ್ರಿಸಾಂತಾ ನಗಲಿಲ್ಲ. ಏನಾಗಿದೆಯೆಂದು ಅವಳಿಗೆ ಆಗಲೇ ಹೊಳೆದಿತ್ತು.

ಜೋಗ್ಜಾ ನಗರದ ಆ ಪುಟ್ಟ ಸ್ಟುಡಿಯೋದ ಯಂತ್ರಗಳಿಗೆ ಇಡೀ ಧಾರಾವಾಹಿಯ ಚಿತ್ರಗಳನ್ನು ಪೂರ್ಣರೂಪಕ್ಕೆ ತರುವ, ಅವರ ಮಾತಿನಲ್ಲಿ ಬೇಯಿಸಿ ಇಳಿಸುವ, ಶಕ್ತಿ ಇರಲಿಲ್ಲ. ಆ ಕೆಲಸ ಸಮುದ್ರದಾಚೆಯ ಬಾಡಿಗೆ ಯಂತ್ರಗಳಿಗೆ ಹೋಗುತ್ತಿತ್ತು. ಅವು ಪರಸ್ಥಳದವು, ಮನೆಯ ಸಂಗತಿ ಒಂದೂ ಅವಕ್ಕೆ ಗೊತ್ತಿಲ್ಲ. ಚಿತ್ರದ ಕಡತ ಎಲ್ಲಿದೆ, ಯಾವ ತಂತ್ರಾಂಶ ಬಳಸಬೇಕು, ಬಣ್ಣಗಳನ್ನು ಯಾವ ಪಟ್ಟಿಯ ಪ್ರಕಾರ ಓದಬೇಕು ಎಂಬುದನ್ನೆಲ್ಲ ಸಾಲುಸಾಲಾಗಿ ಬರೆದು ಕೆಲಸದ ಜೊತೆಗೇ ಕಟ್ಟಿ ಕಳಿಸಬೇಕು. ಎನ್ವಿರಾನ್‌ಮೆಂಟ್ ವೇರಿಯಬಲ್ ಎಂಬ ಅದರ ಉದ್ದನೆಯ ಹೆಸರು ಅಲ್ಲಿ ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಎಲ್ಲರೂ ಅದನ್ನು ಬುತ್ತಿ ಎನ್ನುತ್ತಿದ್ದರು. ಬುತ್ತಿ ಕಟ್ಟುವುದು ಕ್ರಿಸಾಂತಾಳ ಕೆಲಸ. ಯಾರೊಂದಿಗೂ ಹೆಚ್ಚು ಮಾತಾಡಬೇಕಾಗಿಲ್ಲದ ಆ ಕೆಲಸ ಅವಳಿಗೆ ಹೇಳಿ ಮಾಡಿಸಿದಂತಿತ್ತು.

"ಮಾಸ್, ಬುತ್ತಿ ಮುಟ್ಟಿದ್ಯಾ?" ಅಣ್ಣ ಎನ್ನುವ ಹಾಗೆ ವಿವಿತ್‌ನನ್ನು ಕರೆದು ಕೇಳಿದಳು.

"ಹ್ಞೂಂ. ಹಳೇ ಸಾಲುಗಳ ಕಸ ಎಲ್ಲಾ ಹಾಗೇ ಬಿದ್ದಿತ್ತಲ್ಲ, ಗುಡಿಸ್ದೆ. ನನ್ನ ಮಷೀನಲ್ಲಿ ಸರಿಯಾಗೇ ಬಂತಪ್ಪ."

"ನಿನ್ನ ಮಷೀನಿಗೆ ಬಣ್ಣದ ಸಾಲು ಮೊದಲೇ ಗೊತ್ತು. ಅಲ್ಲಿರೋವಕ್ಕೆ ಯಾರು ಹೇಳ್ತಾರೆ?"

ವಿವಿತ್ ಹಣೆ ಚಚ್ಚಿಕೊಂಡ. "ಅಯ್ಯೋ, ವಾಪಸ್ ಹಾಕ್ಬಿಡು ತಾಯೀ. ಬು ಹಾನಿಕ್ ಕಿವಿಗೆ ಮಾತ್ರ ಹಾಕ್ಬೇಡ."

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಎಲ್ಲರೂ ಅಮ್ಮ ಎಂಬರ್ಥದಲ್ಲಿ ಬು ಎಂದು ಕರೆಯುವ ಸ್ಟುಡಿಯೋದ ಒಡತಿ ಹಾನಿಕ್ ಅಷ್ಟರಲ್ಲಿ ಕ್ರಿಸಾಂತಾಳ ಹಿಂದೆಯೇ ಬಂದು ನಿಂತಿದ್ದಳು. ಪರದೆಯ ಚಿತ್ರವನ್ನು ಫೋನಿನಲ್ಲಿ ಹಿಡಿದು, ಧಾರಾವಾಹಿ ಕೊಂಡಿದ್ದ ಟಿವಿ ಚಾನೆಲ್ಲಿನ ಗುನಾದಿಯವರಿಗೆ ಆಗಲೇ ಕಳಿಸಿಯೂ ಆಗಿತ್ತು. ಉತ್ತರವೂ ಬಂತು.

"ನೋಡ್ರೋ, ಬಾಪಾಕ್ ಗುನಾದಿ ಏನಂತಾರೆ! 'ಈಗ ಹುಡುಗಿ ಲಕ್ಷಣವಾಗಿದ್ದಾಳೆ' ಅಂತೆ. ಅಬ್ಬ, ಆ ಮನುಷ್ಯ ಮೆಚ್ಚಿದ್ದೇ ಇದೇ ಮೊದಲು. ಕ್ರಿಸ್, ಏನು ಮಾಡ್ದೆ ನೀನು?"

"ನಾನೇನೂ ಮಾಡಿಲ್ಲ ಬು. ಒಂದು ಸಾಲು ಬಿಟ್ಟುಹೋಗಿದೆ. ಹಾಕ್ತಿದೀನಿ."

"ಹಾಕ್ಬೇಡ. ಹೀಗೇ ಇರ್ಲಿ. ಇವತ್ತು ಸಂಜೆಗೆ ಇಡೀ ಭಾಗ ಚಾನೆಲ್ಲಿಗೆ ಹೋಗ್ಬೇಕು. ಈಗ್ಲೇ ಕಳಿಸು."

"ಆದ್ರೆ ಬು, ಮೆರ್ಸಿ ಬಣ್ಣ..."

"ಒಂಚೂರು ಬೆಳಕು ಜಾಸ್ತಿ ಅಂದ್ಕೊಳ್ಳಮ್ಮ. ಮಕ್ಕಳು ನೋಡೋ ಧಾರಾವಾಹಿ, ಅಷ್ಟೆಲ್ಲ ಯಾರು ಗಮನಿಸ್ತಾರೆ?"

ಬು ಹಾನಿಕ್ ಕೆಟ್ಟವಳಲ್ಲ. ಕ್ರಿಸಾಂತಾ ಜ್ವರ ಬಂದು ಮಲಗಿದಾಗ ಬಾಡಿಗೆ ಕೋಣೆಗೆ ಗಂಜಿ ಕಳಿಸಿದವಳು. ಅದಕ್ಕೇ ಅವಳಿಗೆ ಎದುರಾಡುವುದು ಕಷ್ಟ. ಕ್ರಿಸಾಂತಾ ಪರದೆಯತ್ತ ತಿರುಗಿದಳು.

ಮೆರ್ಸಿಯ ಬಣ್ಣ ಬಂದದ್ದು ಎಲ್ಲಿಂದ ಎಂದು ಈ ಕೋಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಧಾರಾವಾಹಿ ಶುರುವಾಗುವಾಗ ಬಣ್ಣ ಹಾಕುವವರು ಕ್ರಿಸಾಂತಾಳನ್ನು ದೀಪದ ಕೆಳಗೆ ಕೂರಿಸಿ ಅವಳ ಮುಂಗೈ ನೋಡಿ ನೋಡಿ ಬೆರೆಸಿದ ಕಂದು ಅದು. ನಾಚಿಕೆಯಿಂದ ಅವಳು ಅಂದು ತಲೆ ಎತ್ತಿರಲಿಲ್ಲ. ಕೈ ಮಾತ್ರ ಹಿಂದಕ್ಕೆ ಎಳೆದುಕೊಂಡಿರಲಿಲ್ಲ. ಅದಕ್ಕೂ ಹಿಂದೆ, ಫ್ಲೋರೆಸ್‌ನಲ್ಲಿ ತನ್ನೂರು ಬಜಾವಾದ ಶಾಲೆಯ ಕ್ರಿಸ್‌ಮಸ್ ನಾಟಕದಲ್ಲಿ ಅವಳು ದೇವದೂತೆಯಾಗಿದ್ದಳು. ಟೀಚರು ಮುಖಕ್ಕೆ, ಕತ್ತಿಗೆ, ಕಿವಿಯ ಹಿಂದೆಗೂ ಪೌಡರ್ ಮೆತ್ತಿ, "ಈಗ ಸರಿಹೋಯ್ತು" ಎಂದಿದ್ದರು. ಬೆವರಿಳಿದು ಪೌಡರ್ ಗೀರುಗೀರಾಗಿ ಕಿತ್ತುಬಂದಾಗ ಮುಂದಿನ ಸಾಲಿನ ಮಕ್ಕಳು ನಕ್ಕಿದ್ದರು.

ಅವಳು ಬುತ್ತಿಯ ಕಡತ ತೆರೆದಳು. ಬಣ್ಣದ ಸಾಲನ್ನು ಅದರ ಜಾಗದಲ್ಲಿ ಹಾಕಿದಳು. ಒಂದು ಚಿತ್ರ ತರಿಸಿ ನೋಡಿದಳು. ಮೆರ್ಸಿ ಮತ್ತೆ ಮೆರ್ಸಿಯಾಗಿದ್ದಳು. ಇಡೀ ಭಾಗವನ್ನು ಬಾಡಿಗೆ ಯಂತ್ರಗಳಿಗೆ ಕಳಿಸಿದಳು. ಆಮೇಲೆ ಎದ್ದು, ಬು ಹಾನಿಕ್‌ಳ ಮೇಜಿನ ಎದುರು ಹೋಗಿ ನಿಂತಳು.

"ಕಳಿಸಿದೀನಿ ಬು."

"ಜಾಣೆ."

"ಬಣ್ಣದ ಸಾಲು ಹಾಕೇ ಕಳಿಸಿದೀನಿ."

ಬು ಹಾನಿಕ್ ತಲೆ ಎತ್ತಿದಳು. ವಿವಿತ್‌ನ ಬಾಯೊಳಗಿನ ತುತ್ತು ಬಾಯಲ್ಲೇ ಉಳಿಯಿತು.

"ನಾನು ಬೇಡ ಅಂದಿದ್ದೆ ಅಲ್ವಾ?"

"ಹೌದು ಬು. ಕೇಳಿಸ್ಕೊಂಡೆ."

"ಕೇಳಿಸ್ಕೊಂಡೂ?" ಬು ಹಾನಿಕ್ ದಡಬಡ ಎದ್ದು ಬಂದು ಕ್ರಿಸಾಂತಾಳ ಕುರ್ಚಿಯಲ್ಲೇ ಕುಳಿತಳು. ಪರದೆಯ ಮೂಲೆಯಲ್ಲಿ ಸಿದ್ಧವಾದ ಚಿತ್ರಗಳು ಒಂದೊಂದಾಗಿ ಬಂದು ಬೀಳತೊಡಗಿದ್ದವು. "ನಿಲ್ಸೋ ಬಟನ್ ಯಾವ್ದು? ವಿವಿತ್, ಬಾಯಲ್ಲಿ ಕಡುಬು ಇಟ್ಕೊಂಡ ಹಾಗೆ ನೋಡ್ತೀಯಲ್ಲ, ಬಂದು ನಿಲ್ಸು!"

"ಕೈ ಎಣ್ಣೆ ಬು," ಎಂದ ವಿವಿತ್, ಎರಡೂ ಕೈ ಎತ್ತಿ ತೋರಿಸುತ್ತ. ಅವನು ಅಲ್ಲಿಂದ ಅಲುಗಲಿಲ್ಲ.

"ಎಡಗಡೆ ಕೆಂಪಗಿದೆ ನೋಡಿ, ಅದೇ," ಎಂದಳು ಕ್ರಿಸಾಂತಾ. "ನಿಲ್ಸಿ ಬು. ನಾನು ಮತ್ತೆ ಕಳಿಸ್ತೀನಿ."

"ಎಷ್ಟು ಸಲ ಕಳಿಸ್ತೀಯೇ?"

"ನೀವು ನನ್ನ ಹೊರಗೆ ಹಾಕೋವರೆಗೂ."

"ಹಾಕಲ್ಲ ಅಂದ್ಕೊಂಡ್ಯಾ?"

"ಹಾಕ್ಬಹುದು. ಹಾಕಿದ ಮೇಲೆ ಆ ಸಾಲನ್ನ ನೀವೇ ತೆಗೀಬೇಕಾಗತ್ತೆ. ನನ್ನ ಕೈಯಲ್ಲಿ ತೆಗೆಸೋಕೆ ಆಗಲ್ಲ. ಈ ಕೈ ನೋಡೇ ಅಲ್ವಾ ಬು ನೀವು ಅವಳ ಬಣ್ಣ ಮಾಡಿದ್ದು?"

ಬು ಹಾನಿಕ್ ಕೈ ನೋಡಲಿಲ್ಲ. ಬಾಣದ ಗುರುತು ಕೆಂಪು ಗುಂಡಿಯ ಮೇಲೆ ಬಂದು ನಿಂತಿತ್ತು, ಅವಳ ಬೆರಳು ಒತ್ತಲೂ ಇಲ್ಲ, ಸರಿಯಲೂ ಇಲ್ಲ. ಅಷ್ಟರಲ್ಲಿ ಫೋನು ಮೊಳಗಿತು. ಗುನಾದಿಯವರು. ಅವಳು ಅಭ್ಯಾಸಬಲದಿಂದ ಸ್ಪೀಕರ್ ಹಾಕಿ ಅದನ್ನು ಮೇಜಿನ ಮೇಲಿಟ್ಟಳು.

"ಬು ಹಾನಿಕ್, ಆ ಲಕ್ಷಣವಾದ ಹುಡುಗಿ ಬರ್ತಿದ್ದಾಳಾ ಸಂಜೆಗೆ?"

"ಬಾಪಾಕ್, ಅದು... ಆ ಚಿತ್ರದಲ್ಲಿ ಒಂದು ತಾಂತ್ರಿಕ ತಪ್ಪಾಗಿತ್ತು."

"ತಪ್ಪಾ? ಎಷ್ಟು ಚೆನ್ನಾಗಿತ್ತು! ಏನು ತಪ್ಪು ಅದ್ರಲ್ಲಿ?"

ಕ್ರಿಸಾಂತಾ ಇದುವರೆಗೆ ಇಂಥ ಫೋನಿನಲ್ಲಿ ಒಂದು ನಮಸ್ಕಾರವನ್ನೂ ಹೇಳಿದವಳಲ್ಲ. ಏನೇ ಹೇಳುವುದಿದ್ದರೂ ಮನಸ್ಸಿನಲ್ಲಿ ಹತ್ತಾರು ಸಲ ಉರುಹೊಡೆದು, ಕೊನೆಗೆ ಹೇಳದೆಯೇ ಬಿಡುತ್ತಿದ್ದಳು. ಈ ಸಲ ಉರುಹೊಡೆಯಲು ಹೊತ್ತಿರಲಿಲ್ಲ. ಮೇಜಿನ ಮೇಲೆ ಬಾಗಿದಳು.

"ಅದು ಆ ಹುಡುಗಿ ಅಲ್ಲ ಬಾಪಾಕ್. ಅವಳು ಯಾರು ಅಂತ ಯಂತ್ರಕ್ಕೆ ಹೇಳೋದು ಮರ್ತುಬಿಟ್ಟಿದ್ವಿ. ಹೇಳದೆ ಇದ್ರೆ ಅದು ತನಗೆ ತೋಚಿದ ಬಣ್ಣ ಬಳಿಯತ್ತೆ. ಈಗ ಹೇಳಿದೀವಿ."

"ಯಾರಮ್ಮ ನೀನು?"

"ಕ್ರಿಸಾಂತಾ ವೆಯಾ. ಬೇಕಿದ್ರೆ ಹೆಸರು ಬರ್ಕೊಳ್ಳಿ."

"ಬೆಳ್ಳಗಿದ್ರೆ ನೋಡೋರು ಜಾಸ್ತಿ ಅಮ್ಮಾ. ನನ್ನ ಅನುಭವದಲ್ಲಿ ಹೇಳ್ತಿದೀನಿ."

"ನಮ್ಮೂರಲ್ಲೂ ಟಿವಿ ಇದೆ ಬಾಪಾಕ್. ನಾವೂ ನೋಡೋರೇ."

ಬು ಹಾನಿಕ್ ಫೋನನ್ನು ಕಸಿದು ಎದೆಗವಚಿಕೊಂಡಳು. ಕ್ರಿಸಾಂತಾಳನ್ನು ದುರುಗುಟ್ಟಿ ನೋಡಿದಳು, ಪರದೆ ನೋಡಿದಳು. ದೋಣಿ ದಡ ಬಿಟ್ಟಿತ್ತು. ಬಿಸಿಲಲ್ಲಿ ಮೆರ್ಸಿಯ ಭುಜ ಹೊಳೆಯುತ್ತಿತ್ತು. ಆಮೇಲೆ ಫೋನನ್ನು ಕಿವಿಗಿಟ್ಟು, "ಈ ಭಾಗ ಹೀಗೇ ಬರತ್ತೆ ಬಾಪಾಕ್," ಎಂದಳು. "ಬದಲಾಯ್ಸೋಕೆ ಹೊತ್ತಿಲ್ಲ. ಮುಂದಿನದು ಕೂತು ಮಾತಾಡೋಣ." ಫೋನು ಇಟ್ಟಳು.

"ಹೊತ್ತಿಲ್ಲ ಅಂತ ಹೇಳಿದ್ದು ನಿನ್ನ ಮಾನ ಉಳಿಸೋಕಲ್ಲ, ತಿಳ್ಕೋ. ಸೋಮವಾರ ನನ್ನ ಕೋಣೆಗೆ ಬಾ. ಆಗ ಹೇಳ್ತೀನಿ ನಿನಗೆ."

"ಬರ್ತೀನಿ ಬು. ಆಗ್ಲೂ ಇದನ್ನೇ ಹೇಳ್ತೀನಿ."

ಬು ಹಾನಿಕ್ ಬಾಗಿಲು ಬಡಿದುಕೊಂಡು ಹೋದಳು. ವಿವಿತ್ ಕೈಯೊರಸಿಕೊಳ್ಳುತ್ತ ಮೆಲ್ಲಗೆ ಬಂದ. "ಮೂಗಿ ಅಂದ್ಕೊಂಡಿದ್ದೆ ಕಣೇ ನಿನ್ನ."

"ಸರಿ ಮಾಸ್. ಬುತ್ತಿ ಇನ್ನೊಂದ್ಸಲ ಗುಡಿಸ್ದೆ ಅಂದ್ರೆ ನಿನಗೂ ಇದೆ."

ಅವಳು ತನ್ನ ಕುರ್ಚಿಗೆ ಮರಳಿ ಬುತ್ತಿಯ ಕಡತವನ್ನು ಮತ್ತೆ ತೆರೆದಳು. ಬಣ್ಣದ ಸಾಲಿಲ್ಲದೆ ಬಂದ ಕೆಲಸವನ್ನು ಯಾವ ಯಂತ್ರವೂ ಶುರು ಮಾಡಕೂಡದು ಎಂಬ ನಿಯಮವನ್ನು ಎಲ್ಲಕ್ಕಿಂತ ಮೇಲೆ ಸೇರಿಸಿದಳು. ಅದರ ಪಕ್ಕದಲ್ಲಿ, ತೆರೆದವರೆಲ್ಲರಿಗೂ ಕಾಣುವ ಹಾಗೆ, ತನ್ನ ಪೂರ್ತಿ ಹೆಸರು ಬರೆದಳು.