ಹಸಿದ ಗರಗಸ

ವಿದ್ಯಾ ಮದುವೆಯಾಗಿ ನಾಗನೂರಿಗೆ ಬಂದಾಗಿನಿಂದ ದಿನಾ ಮುಂಜಾನೆ ಅಂಗಳದಲ್ಲಿ ಒಂದು ಕುಸ್ತಿ ನೋಡುತ್ತಿದ್ದಳು. ಒಂದು ಕಡೆ ಮಾವ ಶೆಟ್ಟೆಪ್ಪ, ಇನ್ನೊಂದು ಕಡೆ ಅವನ ಹಳೆಯ ಚೈನ್ ಗರಗಸ. ಊರಿಗೆ ಮೊಟ್ಟಮೊದಲು ಬಂದ ಮರ ಕೊಯ್ಯುವ ಮಷಿನ್ ಅದು. ಸುತ್ತಲಿನ ಹಳ್ಳಿಗಳ ಜಾಲಿ, ಬೇವು, ಹುಣಸೆಗಳನ್ನೆಲ್ಲ ಅದರಿಂದಲೇ ಕೊಯ್ದು ಶೆಟ್ಟೆಪ್ಪ ಸಂಸಾರ ನಡೆಸಿದ್ದ. ಈಗ ಅದಕ್ಕೆ ಮುಪ್ಪು ಬಂದಿತ್ತು. ಹಿಡಿಕೆಯನ್ನು ಕಾಲಿನಿಂದ ಒತ್ತಿ ಹಗ್ಗ ಜಗ್ಗಿದರೆ ಒಮ್ಮೆ ಕೆಮ್ಮಿ ಸುಮ್ಮನಾಗುತ್ತಿತ್ತು.

“ಗುಜರಿಗೆ ಹಾಕೂಣಪಾ ಅದನ್ನ,” ಎಂದ ಮಗ, ವಿದ್ಯಾಳ ಗಂಡ ಬಾಳೇಶ, ಟ್ರ್ಯಾಕ್ಟರ್ ಹತ್ತುತ್ತ. “ಈಗ ಹಗೂರ ಮಷಿನ್ ಬಂದಾವು. ಒಂದ ಕೈಯಾಗ ಎತ್ತಬಹುದು.”

“ಒಂದ ಕೈಯಾಗ ಎತ್ತಾಕ ಇದೇನ ಹಾಲಿನ ಚರಗಿ ಏನೋ?” ಎಂದು ಶೆಟ್ಟೆಪ್ಪ ಮತ್ತೆ ಜಗ್ಗಿದ.

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ವಿದ್ಯಾಗೆ ನಗು ಬಂತು. ಕೈ ಹಿಟ್ಟಿನಲ್ಲಿದ್ದರೂ ಕಿವಿ ಹೊರಗೇ ಇತ್ತು. ಹುಕ್ಕೇರಿಯಲ್ಲಿ ಅವಳ ಅಪ್ಪ ಬೀರಸಿದ್ದಪ್ಪನದು ಬೈಕ್ ಗ್ಯಾರೇಜು. ಶಾಲೆ ಬಿಟ್ಟೊಡನೆ ಅಲ್ಲಿಗೆ ಓಡಿ, ಕಾರ್ಬುರೇಟರ್ ಬಿಚ್ಚಿ ಜೋಡಿಸುವುದೇ ಅವಳ ಆಟವಾಗಿತ್ತು. ಗಾಡಿಗೆ ಏನಾಗಿದೆ ಎಂಬುದನ್ನು ಸದ್ದಿನಿಂದಲೇ ಹೇಳುತ್ತಿದ್ದಳು. ಆದರೆ ಮದುವೆಯ ಮುನ್ನಾದಿನ ಅವಳವ್ವ ಉಗುರಿನ ಸಂದಿಯ ಕಪ್ಪನ್ನು ನಿಂಬೆಹೋಳಿನಿಂದ ತಿಕ್ಕಿ ತೆಗೆಯುತ್ತ, “ಅಲ್ಲಿ ಹೋಗಿ ಪಾನಾ, ಸ್ಕ್ರೂಡ್ರೈವರ್ ಹಿಡೀಬ್ಯಾಡವಾ. ಗಂಡಬೀರಿ ಸೊಸಿ ಬಂದಾಳ ಅಂತಾರ,” ಎಂದಿದ್ದಳು. ಹಾಗಾಗಿ ವಿದ್ಯಾ ತುಟಿ ಬಿಗಿದುಕೊಂಡಿದ್ದಳು.

ಮಳೆ ಹಿಡಿಯುವ ಹೊತ್ತಿಗೆ ಶೆಟ್ಟೆಪ್ಪ ಗೋಕಾಕಕ್ಕೆ ಹೋಗಿ ಹೊಸ ಪಿಸ್ಟನ್ನು, ರಿಂಗು ತಂದು ಹಾಕಿದ. ಮೂಡಲಗಿಯ ಸಂತೆಯಲ್ಲಿ ಯಾರೋ, “ಸೈಲೆನ್ಸರಿನ ತೂತ ದೊಡ್ಡದ ಮಾಡ್ರಿ ಕಾಕಾ, ಹುಲಿ ಆಗತೈತಿ,” ಎಂದಿದ್ದರಂತೆ. ಅದನ್ನೂ ಕೊರೆಸಿಕೊಂಡು ಬಂದ.

ಮರುದಿನ ಹಗ್ಗ ಜಗ್ಗಿದಾಗ ಕೋಳಿಗಳೆಲ್ಲ ಗೋಡೆ ಹಾರಿದವು. ಮಷಿನ್ ಅಬ್ಬರಿಸಿತು. ಹುಣಸೆಯ ತುಂಡಿನಲ್ಲಿ ಚೈನು ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. ಶೆಟ್ಟೆಪ್ಪನ ಮುಖ ಮದುಮಗನ ಮುಖದಂತಾಯಿತು. ಆದರೆ ಒಳಗೆ ವಿದ್ಯಾಳ ಕೈ ನಿಂತಿತು. ಸದ್ದು ಸಣ್ಣಗಾಗುತ್ತ, ಮೇಲೇರುತ್ತ, ಕೂಸು ಕಿರುಚಿದ ಹಾಗೆ ಕೇಳತೊಡಗಿತ್ತು. ಅವಳು ಹಿಟ್ಟಿನ ಕೈಯಲ್ಲೇ ಹೊಸ್ತಿಲಿಗೆ ಬಂದು, “ಮಾವಾರ, ಬಂದ್ ಮಾಡ್ರಿ!” ಎಂದಳು. ಆ ಗದ್ದಲದಲ್ಲಿ ಅದು ಯಾರಿಗೆ ಕೇಳಬೇಕು? ನೋಡನೋಡುತ್ತ ಗಕ್ಕನೆ ಎಲ್ಲ ನಿಂತುಹೋಯಿತು. ಹಗ್ಗ ಜಗ್ಗಿದರೆ ಕಲ್ಲು ಜಗ್ಗಿದಂತೆ.

ಶೆಟ್ಟೆಪ್ಪ ಬಿಚ್ಚಿ ನೋಡಿದ. ಹೊಸ ಪಿಸ್ಟನ್ನಿನ ಮೈತುಂಬ ಗೀರು. ಕಟ್ಟೆಯ ಮೇಲೆ ಕುಸಿದು ಕೂತ. “ನಿನ್ನೆ ಹಾಕೀನಿ! ನಂದೇನ ತಪ್ಪಾತು?” ಎಂದು ಯಾರನ್ನೋ ಕೇಳಿದ.

ಅವನ ಆ ಮುಖ ನೋಡಿ ವಿದ್ಯಾಗೆ ತಡೆಯಲಾಗಲಿಲ್ಲ. “ಮಾವಾರ, ಅದು ಹಸಗೊಂಡು ಓಡಿತ್ರಿ,” ಎಂದಳು. “ಹೊಗಿ ಹೋಗೂ ದಾರಿ ದೊಡ್ಡದ ಮಾಡಿದ್ರಿ. ಅದಕ್ಕ ಗಾಳಿ ಹೆಚ್ಚ ಎಳಕೊಂತು. ಪೆಟ್ರೋಲು, ಎಣ್ಣಿ ಮಾತ್ರ ಮೊದಲಿನಷ್ಟ ಉಳೀತು. ಒಳಗ ಕಾದು ಹಿಡಕೊಂಡೈತ್ರಿ. ಕಾರ್ಬುರೇಟರಿನ ಸ್ಕ್ರೂ ಒಂಚೂರು ಬಿಚ್ಚಬೇಕಿತ್ತು.”

ಅತ್ತೆ ಭರಮವ್ವ ಜೋಳ ಹಸನು ಮಾಡುತ್ತಿದ್ದ ಮೊರವನ್ನು ಕೆಳಗಿಟ್ಟಳು. ವಿದ್ಯಾ ಹಿಟ್ಟಿನ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

“ಇದೆಲ್ಲಾ ಮೊದಲ ಹೇಳಾಕ ಏನಾಗಿತ್ತ ನಿನಗ?” ಎಂದಳು ಭರಮವ್ವ. “ಈ ಮನಿಶಾ ಆ ಮಷಿನ್ ಮುಂದ ಕುಂತು ಚಾ ಸುದ್ದಾ ಮರತಾನ. ನೀ ನೋಡಿದ್ರ ರೊಟ್ಟಿ ಬಡಕೋತ ಕುಂತಿ!”

ಮರುದಿನವೇ ಮಾವ ಸೊಸೆ ಮಷಿನ್ನನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡು ಹುಕ್ಕೇರಿಗೆ ಹೊರಟರು. ಮಗಳನ್ನು ಕಂಡು ಹಿಗ್ಗಿದ ಬೀರಸಿದ್ದಪ್ಪ, ಚೀಲ ಬಿಚ್ಚಿದ ಮೇಲೆ ಕಕ್ಕಾಬಿಕ್ಕಿಯಾದ.

“ಬೀಗರ, ಇಕಿ ಹುಡುಗಾಟ ಮನಸಿಗಿ ಹಚ್ಚಕೋಬ್ಯಾಡ್ರಿ,” ಎಂದ.

“ಹುಡುಗಾಟ ಅಲ್ರಿ ಬೀಗರ, ಇಕಿ ನಮ್ಮ ಡಾಕ್ಟರು. ನೀವು ಬರೇ ಕಂಪೌಂಡರ್ ಆಗ್ರಿ ಸಾಕು,” ಎಂದು ಶೆಟ್ಟೆಪ್ಪ ಸ್ಟೂಲು ಎಳೆದುಕೊಂಡು ಕೂತ.

ಸಿಲಿಂಡರ್ ಕೆಟ್ಟಿರಲಿಲ್ಲ. ಪಿಸ್ಟನ್ನಿನ ಅಲ್ಯೂಮಿನಿಯಂ ಅದರ ಒಳಗೋಡೆಗೆ ಮೆತ್ತಿಕೊಂಡಿತ್ತು ಅಷ್ಟೆ. ಬೀರಸಿದ್ದಪ್ಪ ಅದನ್ನು ನಾಜೂಕಾಗಿ ತೆಗೆದು, ಬೇರೆ ಪಿಸ್ಟನ್ನು ತರಿಸಿದ. ವಿದ್ಯಾ ಸೆರಗು ಸಿಕ್ಕಿಸಿಕೊಂಡು ಕೂತವಳು ಏಳಲೇ ಇಲ್ಲ. ಗಾಳಿ, ಹೊಗೆ ಓಡಾಡುವ ದಾರಿಯಲ್ಲಿ ಎರಕ ಹೊಯ್ದಾಗಿನ ಒರಟು ತರಿಗಳು ಉಳಿದಿದ್ದವು. ಅವನ್ನು ಸಣ್ಣ ಅರದಿಂದ ಉಜ್ಜಿ, ಪಾಲಿಶ್ ಪೇಪರಿನಿಂದ ನುಣುಪು ಮಾಡಿದಳು. ಸಿಲಿಂಡರಿನ ಕೆಳಗಿನ ದಪ್ಪ ಪ್ಯಾಕಿಂಗ್ ತೆಗೆದು ತೆಳುವಾದದ್ದು ಹಾಕಿದಳು. ಒಳಗಿನ ಒತ್ತಡ ಏರಲಿ ಎಂದು. ಪಿಸ್ಟನ್ ಮೇಲೇರಿ ಸಿಲಿಂಡರಿಗೆ ಬಡಿದೀತೇ? ಬೆಸುಗೆಯ ತಂತಿಯ ಚೂರು ಒಳಗಿಟ್ಟು ಹಗ್ಗ ಮೆಲ್ಲಗೆ ಎಳೆದು, ಅದು ಎಷ್ಟು ಚಪ್ಪಟೆಯಾಯಿತೆಂದು ನೋಡಿಕೊಂಡಳು. ಜಾಗ ಸಾಕಷ್ಟಿತ್ತು.

ಕೊನೆಗೆ ಮಷಿನ್ ಚಾಲೂ ಮಾಡಿ, ಕಣ್ಣು ಮುಚ್ಚಿ, ಸ್ಕ್ರೂ ಒಂದಿಷ್ಟು ಬಿಚ್ಚಿದಳು, ಮತ್ತೊಂದಿಷ್ಟು. ಕಿರುಚಾಟ ಇಳಿದು ಸದ್ದು ದಪ್ಪಗಾಯಿತು. ಬೀರಸಿದ್ದಪ್ಪ ಕೈ ಒರೆಸುವ ಅರಿವೆಯಿಂದ ಕಣ್ಣು ಒರೆಸಿಕೊಂಡು, ಮುಖಕ್ಕೆಲ್ಲ ಗ್ರೀಸು ಬಳಿದುಕೊಂಡ.

ಆಮೇಲೆ ಒಂದು ದಿನ ಜೋರು ಗಾಳಿ ಬೀಸಿ ಕಾಲುವೆ ದಂಡೆಯ ದೊಡ್ಡ ಬೇವಿನ ಮರ ಬುಡಸಹಿತ ಕಿತ್ತು ಕಾಲುವೆಗೆ ಅಡ್ಡ ಬಿತ್ತು. ಹಿಡಕಲ್ ಡ್ಯಾಮಿನಿಂದ ನೀರು ಬಿಟ್ಟಿದ್ದರು. ಕಬ್ಬಿನ ಒಣ ಎಲೆಯ ರವದಿ, ಕಸಕಡ್ಡಿ ಬಂದು ಮರಕ್ಕೆ ಸಿಕ್ಕಿ ನೀರು ಏರತೊಡಗಿತು. ದಂಡೆ ಒಂದು ಕಡೆ ಬೆವರಿದಂತೆ ಒಸರುತ್ತಿತ್ತು. ಅದರ ಕೆಳಗೇ ಉದ್ದವ್ವ ಎಂಬ ಮುದುಕಿಯ ಅರಿಷಿಣದ ಹೊಲ. ಜೆಸಿಬಿ ತರೋಣವೆಂದರೆ ಹಸಿ ದಂಡೆ ತಡೆಯುವಂತಿರಲಿಲ್ಲ. ಯಾರೋ ತಂದ ಹಗುರ ಗರಗಸ ಬೊಡ್ಡೆಯ ಅರ್ಧಕ್ಕೂ ಮುಟ್ಟಲಿಲ್ಲ. ನೀರು ನಿಲ್ಲಿಸಲು ಮೇಲಿನ ತೂಬಿನವರಿಗೆ ಫೋನ್ ಮಾಡಿದ್ದರೂ ಆಗಲೇ ಬಿಟ್ಟ ನೀರು ಬರುತ್ತಲೇ ಇತ್ತು.

ಕಾಲುವೆಯ ನೀರು ನೋಡಿಕೊಳ್ಳುವ ಸೋಮಲಿಂಗ, ತನ್ನ ಮಷಿನ್ ಹೊತ್ತು ಬಂದ ಶೆಟ್ಟೆಪ್ಪನ ಸೊಂಟಕ್ಕೆ ಹಗ್ಗ ಕಟ್ಟಿ ಹಿಡಿದು ನಿಂತ. ಮಷಿನ್ ಬೊಡ್ಡೆಗೆ ಇಳಿಯಿತು. ಹೊಟ್ಟು ಮಳೆಯಂತೆ ಸುರಿಯಿತು. ಪೆಟ್ರೋಲು ತೀರಿತೆಂದು ತುಂಬಿಸಿ ಮತ್ತೆ ಜಗ್ಗಿದರೆ ಅದು ಚಾಲೂ ಆಗಲೊಲ್ಲದು. ಒಬ್ಬರಾದ ಮೇಲೊಬ್ಬರು ಜಗ್ಗಿ ಸೋತರು.

“ನನ್ನ ಸೊಸಿನ್ನ ಕರಕೊಂಡ ಬಾ ಹೋಗಲೇ!” ಎಂದು ಶೆಟ್ಟೆಪ್ಪ ಮಗನಿಗೆ ಕೂಗಿದ. ನೆರೆದವರು ಮುಖ ಮುಖ ನೋಡಿಕೊಂಡರು.

ಬಾಳೇಶನ ಟ್ರ್ಯಾಕ್ಟರಿನಿಂದ ಇಳಿದ ವಿದ್ಯಾಗೆ ಊರೇ ದಂಡೆಯ ಮೇಲೆ ನಿಂತಂತೆ ಕಂಡಿತು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಆದರೆ ಮಷಿನ್ನಿನ ಹತ್ತಿರ ಕೂತು ಪ್ಲಗ್ ಬಿಚ್ಚಿ ನೋಡಿದಾಗ ಅದು ಪೆಟ್ರೋಲಿನಲ್ಲಿ ತೊಯ್ದು ತಪ್ಪಡಿಯಾಗಿತ್ತು. ಅವಳಿಗೆ ಎಲ್ಲ ಮರೆತು ನಗು ಬಂತು.

“ಮಾವಾರ, ಬಿಸಿ ಇದ್ದಾಗ ಚೋಕ್ ಎಳದೀರೇನ್ರಿ?”

“ಹಸದಿರಬೇಕಂತ ಎಳದೆನವಾ.”

“ಈ ಸಲ ಪೆಟ್ರೋಲು ಹೆಚ್ಚಾಗಿ ಅಜೀರ್ಣ ಆಗೇತ್ರಿ!”

ಮಷಿನ್ನನ್ನು ಬೋರಲು ಮಾಡಿ ಹಗ್ಗ ಜಗ್ಗಿ, ಒಳಗಿನ ಪೆಟ್ರೋಲು ಹೊರಹಾಕಿದಳು. ಪ್ಲಗ್ಗನ್ನು ಸೆರಗಿನಿಂದ ಒರೆಸಿ ಕೂರಿಸಿದಳು. ಎದ್ದು, ಕಾಲೂರಿ, ತಾನೇ ಜಗ್ಗಿದಳು. ಮೊದಲ ಸಲ ಬರೀ ಹೊಗೆ. ಮುಂದಿನ ಸಲ ಮಷಿನ್ ಗುಡುಗಿತು. ಹೆಂಗಸರ ಕಡೆಯಿಂದ ಯಾರೋ ಸಿಳ್ಳೆ ಹೊಡೆದರು.

ಶೆಟ್ಟೆಪ್ಪ ಅದನ್ನು ಎತ್ತಿಕೊಂಡು ಬೊಡ್ಡೆಯ ಮೇಲೆ ಬಾಗಿದ. ಬೇವಿನ ಕಹಿ ವಾಸನೆ ಎಲ್ಲ ಕಡೆ ಹಬ್ಬಿತು. ಕಟಕಟ ಎಂದ ಬೊಡ್ಡೆ ಒಮ್ಮೆಲೆ ಮುರಿದು ಬಿತ್ತು. ಸೋಮಲಿಂಗ ಹಗ್ಗವನ್ನು ಎಷ್ಟು ಜೋರಾಗಿ ಜಗ್ಗಿದನೆಂದರೆ ಶೆಟ್ಟೆಪ್ಪ ಮಷಿನ್ ಸಮೇತ ಕೆಸರಿನಲ್ಲಿ ಕೂತುಬಿಟ್ಟ. ನೀರು ಮರವನ್ನು ಬಾಗಿಲಿನಂತೆ ತಿರುಗಿಸಿ, ಸಂದಿಯಲ್ಲಿ ಭರ್ರನೆ ನುಗ್ಗಿತು. ಬಾಳೇಶ ತುಂಡುಗಳಿಗೆ ತಂತಿಹಗ್ಗ ಬಿಗಿದು ಟ್ರ್ಯಾಕ್ಟರಿನಿಂದ ಮೇಲೆಳೆದ. ಒಸರುತ್ತಿದ್ದ ದಂಡೆಗೆ ಮಂದಿ ಮರಳಿನ ಚೀಲ ಒಟ್ಟಿದರು. ಉದ್ದವ್ವ ಬಂದು ವಿದ್ಯಾಳ ಎಣ್ಣೆಗೈಗಳನ್ನು ಹಿಡಿದು ಕಣ್ಣಿಗೊತ್ತಿಕೊಂಡಳು. ತಲೆ ಎತ್ತಿದಾಗ ಆ ಮುದುಕಿಯ ಹಣೆಗೂ ಕಪ್ಪು ಹತ್ತಿತ್ತು.

ಸಂಜೆ ಬೇವಿನ ತುಂಡೊಂದು ಮನೆಗೆ ಬಂತು. ಶೆಟ್ಟೆಪ್ಪ ಅದನ್ನು ಕೊಯ್ಯಲು ಹೊರಟಾಗ ಭರಮವ್ವ ಕಚ್ಚೆ ಬಿಗಿದುಕೊಂಡು ಮುಂದೆ ಬಂದಳು.

“ಅತ್ತ ಸರೀರಿ, ನಾ ಒಂದೀಟು ಹಿಡದು ನೋಡತೇನಿ.”

“ನಿನಗ್ಯಾಕ ಬೇಕ ಅದು?”

“ಯಾಕ ಬ್ಯಾಡ?”

ಶೆಟ್ಟೆಪ್ಪ ತುಂಡಿನ ಮೇಲೆ ಕಾಲಿಟ್ಟು ಒತ್ತಿ ಹಿಡಿದ. ವಿದ್ಯಾ ಮಷಿನ್ ಚಾಲೂ ಮಾಡಿ, ಅತ್ತೆಯ ಎರಡೂ ಕೈಗಳನ್ನು ಹಿಡಿಕೆಯ ಮೇಲೆ ಇಡಿಸಿ, ಹಿಂದಿನಿಂದ ತಾನೂ ಹಿಡಿದಳು. ಭರಮವ್ವ ಮೊದಲು ಚೀರಿದಳು, ಆಮೇಲೆ ಹಲ್ಲು ಕಚ್ಚಿದಳು. ತುಂಡು ಎರಡಾಗಿ ಉರುಳಿತು. ಸದ್ದು ನಿಂತಾಗ ಅವಳ ತಲೆತುಂಬ ಹೊಟ್ಟು, ಮುಖತುಂಬ ನಗು.

“ಅಲ್ರಿ, ಇಷ್ಟ ವರ್ಷ ಇಂಥಾ ಛಂದದ ಕೆಲಸಾ ನೀವೊಬ್ಬರ ಮಾಡೀರಲ್ಲಾ!” ಎಂದು ಗಂಡನನ್ನು ಗದರಿದಳು. ಆಮೇಲೆ ಸೊಸೆಯ ಕಡೆ ತಿರುಗಿ, “ಜಗ್ಗವಾ ಹಗ್ಗಾ, ಇನ್ನೊಂದ ಕೊಯ್ಯೂಣು,” ಎಂದಳು.