ದರ್ಖಾಸಿನ ಚಡಾವು

ಸೀಟಿನ ಮೇಲಿನ ಪ್ಲಾಸ್ಟಿಕ್ ಇನ್ನೂ ತೆಗೆದಿಲ್ಲ, ಕುಳಿತರೆ ಕರಕರ, ಸ್ವಲ್ಪ ಅಲ್ಲಾಡಿದರೂ ಕರಕರ, ಹೊಸ ಪಿಕಪ್ಪಿನ ವಾಸನೆ — ರಬ್ಬರು, ಅಂಟು, ಎಲ್ಲೋ ಸ್ವಲ್ಪ ಪೈಂಟು — ಇದೇ ವಾಸನೆ ಆ ಪೆಟ್ಟಿಗೆಯನ್ನು ಮೊದಲ ಸಲ ಬಿಚ್ಚಿದಾಗಲೂ ಇತ್ತು, ಮೂರು ವರ್ಷದ ಹಿಂದೆ, ಹೆಣ ಇಡುವ ಫ್ರೀಜರ್, ಗಾಜಿನ ಮುಚ್ಚಳ, ಕೆಳಗೆ ನಾಲ್ಕು ಚಕ್ರ, ನನ್ನ ಹೆಂಡತಿ ಕುಸುಮ ಮೂಗಿಗೆ ಸೆರಗು ಹಿಡಿದು ನಿಂತು, ಇದೆಂತ ನೀವು, ಮದುವೆಗೆ ಕುರ್ಚಿ ಕೊಡುವವರು ಇಂಥದ್ದನ್ನು ತಂದು ಅಂಗಡಿಯ ಒಳಗೆ ಇಡುವುದಾ ಅಂದಳು, ಇಡುವುದಪ್ಪ, ಮತ್ತೆಲ್ಲಿ ಇಡುವುದು, ನಾನು ಶಾಮಿಯಾನದ ಜತ್ತಪ್ಪ, ಸಿದ್ಧಕಟ್ಟೆಯಲ್ಲಿ ಯಾರನ್ನು ಕೇಳಿದರೂ ಅಂಗಡಿ ತೋರಿಸುತ್ತಾರೆ, ಮದುವೆಗೂ ನಾನೇ ಸತ್ತವರ ಬೊಜ್ಜಕ್ಕೂ ನಾನೇ, ಕುರ್ಚಿ ಅದೇ, ಕೂರುವವರ ಮುಖ ಮಾತ್ರ ಬೇರೆ, ಮಕ್ಕಳೆಲ್ಲ ದುಬೈ ಮಸ್ಕತ್ತಿನಲ್ಲಿ ಇರುವ ಊರಿನಲ್ಲಿ ಒಂದು ಫ್ರೀಜರ್ ಇಲ್ಲದಿದ್ದರೆ ಹೇಗೆ, ವಿಮಾನ ಇಳಿದು ಬರುವವರೆಗೆ ಸತ್ತವರು ಕಾಯಬೇಕಲ್ಲ — ಸರ್, ಎಸಿ ಜಾಸ್ತಿ ಆಯ್ತಾ, ಅಂತ ಪಕ್ಕದ ಸೀಟಿನಿಂದ ಹುಡುಗಿ ಕೇಳುತ್ತಾಳೆ, ಗಾಡಿ ಓಡಿಸಿ ನೋಡಿ ಎಂದು ನನ್ನ ಕೈಗೆ ಕೊಟ್ಟ ಶೋರೂಮಿನ ಹುಡುಗಿ, ಕೊರಳಲ್ಲಿ ನೇತು ಹಾಕಿದ ಕಾರ್ಡಿನಲ್ಲಿ ವಿಸ್ಮಿತಾ ಎಂದು ಉಂಟು, ಇಲ್ಲಮ್ಮ ಇರಲಿ ಅಂದೆ, ತಣ್ಣಗೆ ಬರುವ ಗಾಳಿ ಮೊಣಕಾಲಿಗೆ ತಾಗುತ್ತದೆ, ಹಿಂದಿನ ಸೀಟಿನಲ್ಲಿ ಅಬ್ದುಲ್ ಶುಕೂರ್ ಕುಳಿತಿದ್ದಾನೆ, ಹದಿನಾಲ್ಕು ವರ್ಷದಿಂದ ನನ್ನ ಗಾಡಿಯಲ್ಲಿ ಲೋಡು ಏರಿಸುವವನು ಇಳಿಸುವವನು, ಗಾಡಿ ನೋಡಲಿಕ್ಕೆ ಬಾ ಎಂದು ಕರೆದರೆ ಬಂದ, ಬೆಳಿಗ್ಗೆಯಿಂದ ನಾಲ್ಕು ಮಾತಾಡಿದರೆ ಹೆಚ್ಚು.

ಬಂಟ್ವಾಳದ ಪೇಟೆ ಹಿಂದೆ ಹೋಯಿತು, ಮಳೆ ಈಗ ಹನಿ ಹನಿ, ವೈಪರ್ ಒಂದು ಸಲ ಹೋಗುತ್ತದೆ, ನಿಲ್ಲುತ್ತದೆ, ಯೋಚಿಸುತ್ತದೆ, ಮತ್ತೆ ಹೋಗುತ್ತದೆ, ಹಳೆಯದರ ವೈಪರ್ ಹಾಗಲ್ಲ, ಅದಕ್ಕೆ ಯೋಚನೆಯೇ ಇಲ್ಲ, ಹಾಕಿದರೆ ಬಡಕೊಳ್ಳುತ್ತಲೇ ಇರುವುದು, ಹನ್ನೆರಡು ಲಕ್ಷದ ನಲವತ್ತು ಸಾವಿರ ಸರ್, ಆಟಿ ತಿಂಗಳಲ್ವಾ, ಯಾರೂ ಗಾಡಿ ತೆಗೆಯುವುದಿಲ್ಲ, ಅದಕ್ಕೆ ನಲವತ್ತು ಬಿಡ್ತೇವೆ, ಹನ್ನೆರಡಕ್ಕೆ ಆಗ್ತದೆ ಅನ್ನುತ್ತಾಳೆ ಹುಡುಗಿ — ಆಟಿಯಲ್ಲಿ ಗಾಡಿ ತೆಗೆಯುವುದು ಅಂದರೆ ಕುಸುಮ ಪಾತ್ರೆ ಎಸೆಯುತ್ತಾಳೆ, ಸಿಂಹ ಮಾಸ ಬರಲಿ ಅನ್ನುತ್ತಾಳೆ, ಮೊದಲು ಬೇಡವೇ ಬೇಡ ಅನ್ನುತ್ತಿದ್ದಳು, ಇದ್ದ ಗಾಡಿಗೆ ಏನಾಗಿದೆ ಎಂದು ಕೇಳುತ್ತಿದ್ದಳು, ಏನೂ ಆಗಿಲ್ಲ, ಅದೇ ತೊಂದರೆ, ಹನ್ನೆರಡು ಲಕ್ಷ ಅಂದರೆ ಎಷ್ಟು ಮದುವೆ, ಎಷ್ಟು ಬೊಜ್ಜ, ಎಷ್ಟು ಸಾವಿರ ಸಲ ಕುರ್ಚಿ ಬಿಡಿಸಿ ಮತ್ತೆ ಒಂದರೊಳಗೊಂದು ಇಡಬೇಕು, ಲೆಕ್ಕ ಹಾಕುತ್ತಾ ಹೋದರೆ ಕುರ್ಚಿಗಳು ಕಣ್ಣ ಮುಂದೆ ಸಾಲಾಗಿ ರಸ್ತೆಯ ಎರಡೂ ಬದಿಯಲ್ಲಿ ನಿಲ್ಲುತ್ತವೆ, ಕೆಂಪು ಬಿಳಿ ಕೆಂಪು ಬಿಳಿ, ಮಳೆ ನೀರು ತುಂಬಿಕೊಂಡು, ಯಾರೂ ಕೂರದ ಕುರ್ಚಿಗಳು, ಸರ್ ಮುಂದೆ ಹಂಪ್ ಉಂಟು, ಹಾಂ ಹಾಂ ನೋಡಿದೆ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗ್ತದೆ ಸರ್, ಎಂಥ ಕೆಸರಿದ್ದರೂ ಹತ್ತುತ್ತದೆ, ಮೊನ್ನೆ ಗುರುವಾಯನಕೆರೆಯ ಒಬ್ಬರು ರಬ್ಬರ್ ತೋಟಕ್ಕೆ ತೆಗೊಂಡ್ರು, ನೀವು ಯಾವ ಕೆಲಸಕ್ಕೆ ಸರ್, ಎಂದು ಹುಡುಗಿ ಕೇಳಿದಳು, ಶಾಮಿಯಾನ ಅಂದೆ, ಶಾಮಿಯಾನಕ್ಕೆ ನಾಲ್ಕು ಚಕ್ರದ್ದು ಯಾಕೆ ಎಂದು ಅವಳ ಮುಖದಲ್ಲಿ ಬಂತು, ಬಾಯಿಗೆ ಬರಲಿಲ್ಲ, ಒಳ್ಳೆಯ ಮನೆಯ ಮಗಳು. ಹಿಂದಿನಿಂದ ಶುಕೂರ್ ಸಣ್ಣಗೆ ಕೆಮ್ಮಿದ.

ಯಾಕೆಂದರೆ ಊರಿಗೆಲ್ಲ ಗೊತ್ತುಂಟಮ್ಮ, ನಿನಗೆ ಮಾತ್ರ ಗೊತ್ತಿಲ್ಲ ಎಂದು ಮನಸ್ಸಿನಲ್ಲೇ ಅಂದೆ, ಹೋದ ವರ್ಷ ಬೇಷ ತಿಂಗಳ ಕೊನೆಗೆ, ಮಳೆ ಹಿಡಿದು ನಾಲ್ಕು ದಿನ ಆಗಿತ್ತು, ದರ್ಖಾಸಿನ ವಾರಿಜಕ್ಕ ತೀರಿಕೊಂಡರು, ಗುಡ್ಡೆಯ ಮೇಲೆ ಒಂಟಿ ಮನೆ, ಬೆಳಿಗ್ಗೆ ಏಳಕ್ಕೆ ಅವರ ಮಗಳು ನವ್ಯಾಳ ಫೋನು, ಜತ್ತಪ್ಪಣ್ಣ ಅಮ್ಮ ಹೋದ್ರು, ತಮ್ಮ ನಾಳೆ ಬೆಳಿಗ್ಗೆ ಮಸ್ಕತ್ತಿನಿಂದ ಬಜಪೆ ಏರ್‌ಪೋರ್ಟಿಗೆ ಇಳಿಯುತ್ತಾನೆ, ಅಷ್ಟರವರೆಗೆ ಪೆಟ್ಟಿಗೆ ಬೇಕಿತ್ತು, ಬರ್ತೇನೆ ನವ್ಯಾ ಅಂದೆ, ಬರ್ತೇನೆ, ನೀನು ಹೆದರಬೇಡ, ಆ ಮನೆಯಲ್ಲಿ ನಾನು ಎಷ್ಟು ಸಲ ಊಟ ಮಾಡಿದವನು, ವಾರಿಜಕ್ಕ ಬಡಿಸಿದರೆ ಎಲೆಯಲ್ಲಿ ಜಾಗವೇ ಉಳಿಯುವುದಿಲ್ಲ, ಸಾಕು ಅಂದರೆ ಕೇಳಿಸುವುದಿಲ್ಲ ಆ ಹೆಂಗಸಿಗೆ — ಆದರೆ ಅವತ್ತೇ ಮೂಡುಬಿದಿರೆಯಲ್ಲಿ ಮದರಂಗಿ, ಆ ವರ್ಷದ ಕೊನೆಯ ದೊಡ್ಡ ಮದುವೆ, ನಾಲ್ಕುನೂರು ಕುರ್ಚಿ, ಬಟ್ಟೆ, ಲೈಟು, ಹನ್ನೊಂದು ಗಂಟೆಗೆ ಲೋಡು ಹೊರಡಬೇಕು, ಇರುವುದು ಒಂದೇ ಗಾಡಿ, ಪೆಟ್ಟಿಗೆ ಹೋದ ಗಾಡಿಯಲ್ಲಿ ಮದುವೆಯ ಸಾಮಾನು ಹೋಗುವುದು ಯಾರಿಗೂ ಇಷ್ಟವಿಲ್ಲ, ಕೇಳಿಯೇ ಕೇಳುತ್ತಾರೆ, ಇದೇ ಗಾಡಿಯಲ್ಲಾ ಜತ್ತಪ್ಪ ಅದು ಹೋಗುವುದು ಎಂದು, ಛೆ ಛೆ ಅದಕ್ಕೆ ಬೇರೆ ಗಾಡಿ ಅನ್ನುತ್ತೇನೆ, ಪ್ರತಿ ಸಲ ಅರಸಿನದ ನೀರು ಹಾಕಿ ತೊಳೆದು ತುಳಸಿ ಮುಟ್ಟಿಸಿ ಮತ್ತೆ ಕುರ್ಚಿ ಏರಿಸುವುದು, ಅದಕ್ಕೇ ಒಂದು ಗಂಟೆ ಬೇಕು, ಪೆಟ್ಟಿಗೆಗೆ ಹಳೆಯ ಶಾಮಿಯಾನದ ಬಟ್ಟೆ ಹೊದೆಸಿ ನಾನೂ ಶುಕೂರನೂ ಹೊರಟೆವು, ಮನೆಗೆ ಏರುವ ಚಡಾವಿನ ಬುಡಕ್ಕೆ ಬಂದಾಗ ಎಂಟೂವರೆ, ಕೆಂಪು ಮಣ್ಣು ಸಾರಿನ ಹಾಗೆ ಇಳಿದು ಬರುತ್ತಾ ಇತ್ತು, ಅಡ್ಡಕ್ಕೆ ನೀರು ಕೊರೆದ ಗೆರೆಗಳು, ಹತ್ತಿದರೆ ಹತ್ತಿತು, ಸಿಕ್ಕಿ ಬಿದ್ದರೆ ಸಂಜೆಯವರೆಗೆ ಅಲ್ಲೇ, ಮೂಡುಬಿದಿರೆಯಲ್ಲಿ ಮದುಮಗಳು ನೆಲದಲ್ಲಿ ಕೂರಬೇಕು, ಸ್ಟೀರಿಂಗ್ ಹಿಡಿದುಕೊಂಡು ಸುಮ್ಮನೆ ಕುಳಿತೆ, ಎಷ್ಟು ಹೊತ್ತು, ಒಂದು ಬೀಡಿ ಸೇದುವಷ್ಟು, ಒಮ್ಮೆ ಹಾಕಿ ನೋಡುವನಾ ಅಣ್ಣ ಅಂದ ಶುಕೂರ್, ಟಯರು ಹೊಸತು, ತಿಂಗಳು ಆಗಿಲ್ಲ, ಇಲ್ಲದಿದ್ದರೆ ಒಂದು ಕೂ ಹಾಕುವ, ಆಚೆ ಗುಡ್ಡೆಯಿಂದ ಜನ ಬರ್ತಾರೆ, ಹೊತ್ತುಕೊಂಡೇ ಹೋಗುವ, ಹೌದು, ಒಂದು ಕೂ ಹಾಕಿದರೆ ಹತ್ತು ಜನ ಬರುತ್ತಿದ್ದರು, ಸಾವಿನ ಮನೆಗೆ ಯಾರು ಬರುವುದಿಲ್ಲ, ಹತ್ತು ಜನ ಬಂದರೆ ಮತ್ತೆ ಹೊತ್ತು ಏರಿಸಬೇಕು, ಅಂಗಳದಲ್ಲಿ ಕೂರಬೇಕು, ಒಂದು ಗಂಟೆ ಎರಡು ಗಂಟೆ, ನಾನು ಗಡಿಯಾರ ನೋಡಿದೆ. ಆಗ ಮೇಲೆ ಅಂಗಳದ ತುದಿಯಲ್ಲಿ ನವ್ಯಾ. ಮನೆಯೊಳಗಿಂದ ವಯರು ಎಳೆದು ತಂದಿದ್ದಾಳೆ, ಕೈಯಲ್ಲಿ ಸ್ವಿಚ್ ಬೋರ್ಡು, ಪೆಟ್ಟಿಗೆ ಬಂದ ಕೂಡಲೇ ಪ್ಲಗ್ ಹಾಕಲಿಕ್ಕೆ, ಕೊಡೆಯನ್ನು ಬೋರ್ಡಿನ ಮೇಲೆ ಹಿಡಿದಿದ್ದಾಳೆ, ಬೋರ್ಡಿಗೆ ಒಂದು ಹನಿ ಬೀಳದ ಹಾಗೆ, ಅವಳ ತಲೆಯ ಮೇಲೆ ಮಳೆ.

ಅಲ್ಲಿಂದಲೇ ಫೋನು ಮಾಡಿದೆ, ಮೂವತ್ತು ಮಾರು ದೂರದಿಂದ, ಗಾಡಿ ಹತ್ತುವುದಿಲ್ಲ ನವ್ಯಾ, ಚಕ್ರ ನಿಂತಲ್ಲೇ ತಿರುಗ್ತಾ ಉಂಟು, ಚಕ್ರ ತಿರುಗುವುದು ಬಿಡಿ, ನಾನು ಗೇರೇ ಹಾಕಿರಲಿಲ್ಲ, ಅವಳು ಕೊರಳು ಓರೆ ಮಾಡಿ ಫೋನನ್ನು ಭುಜಕ್ಕೆ ಒತ್ತಿ ಹಿಡಿದು ಹೌದಾ ಅಣ್ಣ ಅಂದಳು, ಅಷ್ಟೇ, ಬೇರೆ ಏನಾದರೂ ನೋಡುವ ಅಂದೆ, ಏನು ನೋಡಿದೆ, ಮೂಡುಬಿದಿರೆ ನೋಡಿದೆ, ಗಾಡಿ ತೊಳೆದು ತುಳಸಿ ಮುಟ್ಟಿಸಿ ಹನ್ನೊಂದಕ್ಕೆ ಸರಿಯಾಗಿ ಹೊರಟೆ, ಸಂಜೆ ಹುಡುಗಿಯರು ಮದರಂಗಿಯ ಕೈ ಎತ್ತಿಕೊಂಡು ನನ್ನ ಕುರ್ಚಿಯಲ್ಲಿ ಕುಳಿತು ನಗುತ್ತಿದ್ದರು, ಅದೇ ಹೊತ್ತಿಗೆ ದರ್ಖಾಸಿನಲ್ಲಿ — ಬೆಳ್ತಂಗಡಿಯ ಪೆಟ್ಟಿಗೆ ಬೇರೆ ಕಡೆ ಹೋಗಿತ್ತಂತೆ, ಯಾರೋ ಮೀನಿನ ಐಸ್ ತರುವ ಅಂದರಂತೆ, ಅಮ್ಮನ ಮೇಲೆ ಮೀನಿನ ಐಸ್ ಇಡುವುದಾ ಎಂದು ನವ್ಯಾ ಅತ್ತಳಂತೆ, ಆಸ್ಪತ್ರೆಗೆ ಕೊಂಡುಹೋಗುವ ಅಂದರೆ ವಾರಿಜಕ್ಕನ ಅಣ್ಣ, ಮನೆಯಿಂದ ಎತ್ತಿದ ಮೇಲೆ ಬೆಂಕಿಗೇ, ಎಲ್ಲೆಲ್ಲೋ ತಿರುಗಿಸಲಿಕ್ಕೆ ಇಲ್ಲ ಅಂದರಂತೆ, ಕತ್ತಲೆಗೆ ಮೊದಲು ಬೆಂಕಿಗೆ ಕೊಟ್ಟುಬಿಟ್ಟರು, ಮಗ ಶೋಧನ್ ಮರುದಿನ ಎಂಟು ಗಂಟೆಗೆ ಬಂದ, ಚಕ್ರದ ಬ್ಯಾಗು ಕೆಸರಿನಲ್ಲಿ ಎಳೆಯಲಿಕ್ಕೆ ಆಗದೆ ತಲೆಯ ಮೇಲೆ ಇಟ್ಟುಕೊಂಡು ಚಡಾವು ಹತ್ತಿದನಂತೆ, ಬೊಜ್ಜದ ದಿನ ಕುರ್ಚಿ ಕೊಂಡುಹೋಗಿ ಬುಡದಲ್ಲೇ ಇಳಿಸಿದೆ, ಹತ್ತುವುದಿಲ್ಲ ಎಂದು ಹೇಳಿ ಆಗಿತ್ತಲ್ಲ, ಇನ್ನು ಹತ್ತಿಸುವ ಹಾಗಿಲ್ಲ, ಶೋಧನ್ ಬಂದು ಎರಡೂ ಕೈಯಲ್ಲಿ ನನ್ನ ಕೈ ಹಿಡಿದು, ಗಾಡಿ ಹತ್ತಲಿಲ್ಲ ಅಂತೆ ಅಲ್ವಾ ಜತ್ತಪ್ಪಣ್ಣ, ನೀವೇನು ಮಾಡ್ಲಿಕ್ಕೆ ಆಗ್ತದೆ ಅಂದ, ಬೈದಿದ್ದರೆ ಆಗುತ್ತಿತ್ತು ಮಾರಾಯ, ಎರಡು ಬಿಟ್ಟಿದ್ದರೂ ಆಗುತ್ತಿತ್ತು, ಊರವರೂ ಹಾಗೆಯೇ, ಪಾಪ ಇವರು ಇಷ್ಟು ದೂರ ಬಂದು ವಾಪಸು ಹೋದದ್ದು ಎಂದು ನನಗೆ ಎಲೆಯ ತುದಿಗೆ ಒಂದು ಹೋಳಿಗೆ ಜಾಸ್ತಿ, ಅದನ್ನು ನೀರು ಕುಡಿದು ಇಳಿಸಿದೆ. ಈಗ ಮೊನ್ನೆ ಮಸ್ಕತ್ತಿನಿಂದ ಅವನ ವಾಯ್ಸ್ ಮೆಸೇಜು, ಜತ್ತಪ್ಪಣ್ಣ, ನೀವು ಫೋರ್ ವೀಲಿನ ಪಿಕಪ್ ತೆಗೀರಿ, ನನ್ನ ಕಡೆಯಿಂದ ಎರಡು ಲಕ್ಷ, ವಾಪಸು ಬೇಡ, ಇನ್ನು ಯಾರಿಗೂ ನನ್ನ ಹಾಗೆ ಆಗಬಾರದು, ಒಂದೇ ಆಸೆ, ಮುಂದಿನ ಗ್ಲಾಸಿನಲ್ಲಿ ಅಮ್ಮನ ಹೆಸರು ಬರೆಸಿ — ಆ ಮೆಸೇಜನ್ನು ಹದಿನೈದು ಸಲ ಕೇಳಿದ್ದೇನೆ, ಕುಸುಮನಿಗೂ ಕೇಳಿಸಿದೆ, ಅವಳು ಕಣ್ಣು ಒರೆಸಿಕೊಂಡು, ಎಂಥ ಹುಡುಗ ನೋಡಿ, ನೀವು ತೆಗೊಳ್ಳಿ ಆಯ್ತಾ, ಆಟಿ ಕಳೆದ ಮೇಲೆ ತೆಗೊಳ್ಳಿ ಅಂದಳು, ಅವಳಿಗೂ ಗೊತ್ತಿಲ್ಲ, ಶುಕೂರನಿಗೆ ಗೊತ್ತುಂಟು, ಒಂದು ವರ್ಷದಿಂದ ಅವನು ಆ ಮಾತು ಎತ್ತಿಲ್ಲ, ಅವನು ಎತ್ತದೆ ಇರುವುದೇ ನನಗೆ ದಿನಾ ಕೇಳಿಸುತ್ತದೆ. ವಾರಿಜಮ್ಮ, ಗ್ಲಾಸಿನ ಮೇಲೆ, ಹಳದಿ ಅಕ್ಷರ, ಹೊರಗಿನವರಿಗೆ ಸರಿಯಾಗಿ ಕಾಣುತ್ತದೆ, ಒಳಗೆ ಕೂರುವವನಿಗೆ ತಿರುಗಿ ಕಾಣುತ್ತದೆ, ದಿನಾ ಬೆಳಿಗ್ಗೆ ಅದರ ಎಡೆಯಿಂದ ರಸ್ತೆ ನೋಡಬೇಕು, ಹನ್ನೆರಡು ಲಕ್ಷ ಹೇಗಾದರೂ ಹೊಂದಿಸಬಹುದು, ಆ ಎರಡು ಲಕ್ಷ ಭಾರ.

ಸರ್ ಎಡಕ್ಕೆ ಯಾಕೆ, ಮಣ್ಣಿನ ರಸ್ತೆ ಅದು, ಎಂದು ವಿಸ್ಮಿತಾ, ಹೌದಾ, ನಾನು ಎಡಕ್ಕೆ ತಿರುಗಿಸಿದೆನಾ, ಕೈ ತಾನೇ ತಿರುಗಿಸಿದೆ, ಸಿದ್ಧಕಟ್ಟೆ ದಾಟಿದ್ದು ಗೊತ್ತೇ ಆಗಲಿಲ್ಲ, ನನ್ನ ಅಂಗಡಿಯ ಬೋರ್ಡು ಕಂಡ ನೆನಪಿಲ್ಲ, ಗೇರುಮರಗಳು ಎರಡೂ ಬದಿಯಿಂದ ಬಗ್ಗಿ ಗಾಡಿಯ ಮೈ ಸವರುತ್ತವೆ, ಹಸಿರು ನೀರಿನೊಳಗೆ ಹೋಗುವ ಹಾಗೆ ಹೋಗುತ್ತಿದ್ದೇವೆ, ಶಬ್ದ ಇಲ್ಲ, ಈ ಗಾಡಿಗೆ ಶಬ್ದವೇ ಇಲ್ಲ, ಎಲ್ಲಿಯೋ ವಾರಿಜಕ್ಕ ಇನ್ನೊಂದು ಸೌಟು ಹಾಕಿಸಿಕೊಳ್ಳಿ ಜತ್ತಪ್ಪ ಅನ್ನುತ್ತಾರೆ, ಸಾಕು ಅಕ್ಕ ಸಾಕು, ಕೇಳಿಸುವುದಿಲ್ಲ ಅವರಿಗೆ — ದರ್ಖಾಸಿನ ಚಡಾವಿನ ಬುಡ ಬಂತು. ನಿಲ್ಲಿಸಿದೆ. ಅದೇ ಕೆಂಪು ನೀರು, ಅದೇ ಅಡ್ಡ ಗೆರೆಗಳು, ಒಂದು ವರ್ಷದಲ್ಲಿ ಯಾರೂ ಒಂದು ಬುಟ್ಟಿ ಕಲ್ಲು ಹಾಕಿಲ್ಲ, ಆಹಾ ಸರ್, ಟೆಸ್ಟಿಗೆ ಒಳ್ಳೆಯ ಜಾಗ, ಎಂದು ಹುಡುಗಿಗೆ ಖುಷಿ, ಈ ಲಿವರ್ ಹೀಗೆ ಎಳೆದರೆ ಫೋರ್ ಬೀಳ್ತದೆ, ಹತ್ತಿರದಿಂದ ತೋರಿಸುತ್ತಾಳೆ, ನಾನು ಲಿವರಿನ ಮೇಲೆ ಕೈ ಇಟ್ಟೆ, ತಣ್ಣಗಿತ್ತು, ತೆಗೆದೆ, ಫಸ್ಟ್ ಹಾಕಿದೆ, ಕ್ಲಚ್ ಬಿಟ್ಟೆ, ಅಣ್ಣ, ಫೋರ್ ಹಾಕ್ಲಿಲ್ಲ, ಎಂದ ಶುಕೂರ್ ಹಿಂದಿನಿಂದ, ಗೊತ್ತುಂಟು ಅಂದೆ. ಹಿಂದಿನ ಚಕ್ರ ಒಮ್ಮೆ ಜಾರಿತು, ಬಾಲ ಎಡಕ್ಕೆ ಹೋಯಿತು, ನಾನು ಬೇಡಿಕೊಂಡೆ, ಜಾರಲಿ, ಸಿಕ್ಕಿ ಬೀಳಲಿ, ದೇವರೇ ಇಲ್ಲೇ ಹೂತು ಹೋಗಲಿ, ಹೂತರೆ ಅವತ್ತು ನಾನು ಹೇಳಿದ್ದು ಸುಳ್ಳಾದರೂ ನಿಜವೇ ಆಗುತ್ತಿತ್ತು — ಚಕ್ರ ಕಲ್ಲು ಹಿಡಿಯಿತು, ಹಿಡಿದು ಮೇಲೆ ಹೋಯಿತು, ಅರ್ಧ, ಮುಕ್ಕಾಲು, ಸಲೀಸಾಗಿ, ಹಳೆಯದೂ ಹೀಗೆ ಎರಡು ಚಕ್ರದಲ್ಲೇ ಹೋಗುವುದು, ಅಂಗಳ ಬಂತು, ತುಳಸಿಕಟ್ಟೆ, ಒಲೆಯ ಹೊಗೆ.

ನವ್ಯಾ ಒಳಗಿನಿಂದ ಕೊಡೆ ಬಿಡಿಸಿಕೊಂಡು ಬಂದಳು, ಯಾರು ಎಂದು ಬಗ್ಗಿ ನೋಡಿ ನಕ್ಕಳು, ನಾನು ಕಿಟಕಿಯ ಗಾಜು ಇಳಿಸಿದೆ, ಹೊಸತಾ ಜತ್ತಪ್ಪಣ್ಣ, ಇದು ಹತ್ತಿತಲ್ಲ ಅಂದಳು, ಕೈಯಿಂದ ಬಾಗಿಲು ಮುಟ್ಟಿದಳು, ಶೋಧನ್ ಹೇಳಿದ, ಅಮ್ಮನ ಹೆಸರು ಬರೆಸ್ತಾರೆ ಅಂತ, ಇಳಿಯಿರಿ, ಎಲ್ಲರೂ ಇಳಿಯಿರಿ, ಚಾ ಇಡ್ತೇನೆ — ಹುಡುಗಿ ಇಳಿಯಲಿಕ್ಕೆ ಬೆಲ್ಟ್ ಬಿಚ್ಚುತ್ತಾಳೆ, ಇಳಿದರೆ ಚಾ, ಚಾದ ಜೊತೆ ಬಿಸ್ಕಿಟು, ಆಮೇಲೆ ಎರಡು ಲಕ್ಷ, ಹಳದಿ ಅಕ್ಷರ, ಆಮೇಲೆ ಸಾಯುವವರೆಗೆ ನಾನು ಊರವರಿಗೆ ಅಯ್ಯೋ ಪಾಪ ಜತ್ತಪ್ಪ, ಎಷ್ಟು ಸುಲಭ, ಬಾಗಿಲು ತೆರೆದು ಕಾಲು ಕೆಳಗೆ ಇಟ್ಟರೆ ಆಯಿತು, ಕುಳಿತಲ್ಲೇ ಪ್ಲಾಸ್ಟಿಕ್ ಕರಕರ ಅನ್ನುತ್ತದೆ, ನನ್ನ ಬಾಯಿ ನನ್ನನ್ನು ಕೇಳದೆ ಮಾತಾಡಿತು, ಅವತ್ತು ನಾನು ಹತ್ತಿಸಿ ನೋಡ್ಲೇ ಇಲ್ಲ ನವ್ಯಾ, ಮೂಡುಬಿದಿರೆಗೆ ಕುರ್ಚಿ ಕೊಂಡುಹೋಗ್ಲಿಕ್ಕೆ ಇತ್ತು. ಅವಳು ಬಾಗಿಲ ಮೇಲಿದ್ದ ಕೈ ತೆಗೆದಳು, ವೈಪರ್ ಒಂದು ಸಲ ಹೋಯಿತು, ನಿಂತಿತು, ಇನ್ನು ಏನಾದರೂ ಹೇಳಬೇಕು, ಎರಡು ಲಕ್ಷ ಬೇಡ ಎಂದು, ಶೋಧನ್‌ಗೂ ನಾನೇ ಹೇಳ್ತೇನೆ ಎಂದು, ಹೇಳಬೇಕು, ಆದರೆ ಕಣ್ಣ ಮುಂದೆ ಬರುವುದು ಅದೊಂದೇ, ಅಂಗಳದ ತುದಿ, ಕೈಯಲ್ಲಿ ಸ್ವಿಚ್ ಬೋರ್ಡು, ಬೋರ್ಡಿನ ಮೇಲೆ ಕೊಡೆ, ಒಂದು ಹನಿ ಬೀಳದ ಹಾಗೆ, ತಲೆಯ ಮೇಲೆ ಮಳೆ, ಬೋರ್ಡಿನ ಮೇಲೆ ಕೊಡೆ