ಸುಫ್ರಾದ ಹೊರಗಿನ ಬೀಜ

ಮಹ್‌ಲಕಾ ಬ್ಯಾನರಿನ ಒಂದು ತುದಿಯನ್ನು ಕಿತ್ತು ಕೆಳಗೆಳೆದಾಗ, ಅದನ್ನು ಶವದ ವ್ಯಾನಿನ ಮೂತಿಗೆ ಕಟ್ಟುತ್ತಿದ್ದ ಕ್ಲಬ್ಬಿನ ಆಳು ಹಗ್ಗ ಹಿಡಿದುಕೊಂಡೇ ಹಿಂದಕ್ಕೆ ಜಿಗಿದ.

"ಖಾನುಮ್, ಏನ್ ಮಾಡ್ತಿದ್ದೀರಿ? ಅಧ್ಯಕ್ಷರು ಕೊಟ್ಟು ಕಳ್ಸಿದ್ದು ಇದು."

"ಅದಕ್ಕೇ ಕೀಳ್ತಿರೋದು."

ಹಸಿರು ಬಟ್ಟೆಯ ಮೇಲೆ ಅವಳ ತಂದೆ ನಗುತ್ತಿದ್ದ. ಹಳೆಯ ಫೋಟೋ, ಇಪ್ಪತ್ತೆರಡರ ಪ್ರಾಯದ ಗೊದ್ರತ್ ನಾಖುದಾ. ದಪ್ಪ ಮೀಸೆ, ಎದೆಯ ಮೇಲೆ ಲಂಗರಿನ ಗುರುತು, ಕಾಲಿನ ಕೆಳಗೆ ಬಂಗಾರದ ಅಕ್ಷರಗಳಲ್ಲಿ 'ಲಂಗರ್ ತಂಡದ ಅಮರ ಕಪ್ತಾನ್' ಎಂಬ ಬರಹ. ಇದೇ ಫುಟ್‌ಬಾಲ್ ಕ್ಲಬ್ಬು ಮೂರು ವರ್ಷದ ಹಿಂದೆ, ಲೀಗಿನ ನಟ್ಟನಡುವೆ, ಒಂದು ಫೋನ್ ಕರೆಯಲ್ಲಿ ಆತನನ್ನು ಕೋಚ್ ಹುದ್ದೆಯಿಂದ ಇಳಿಸಿತ್ತು. ಮರುದಿನ ತನ್ನ ಬೂಟುಗಳನ್ನು ತರಲು ಹೋದರೆ ಕೋಣೆಯ ಬೀಗ ಬದಲಾಗಿತ್ತು.

"ಅಮರನಂತೆ! ಇದ್ದಾಗ ಬೂಟು ಕೊಡ್ಲಿಲ್ಲ. ಈಗ ಸಾವೇ ಇಲ್ಲ ಅಂತ ಬರ್ಕೊಂಡ್ ಬಂದಿದ್ದಾರೆ."

ಚಿಕ್ಕಪ್ಪ ಅಸ್ಕರ್ ಅಂಗಳದಿಂದ ಓಡಿಬಂದ. "ಮಗಳೇ, ಸಾಕು. ಜನ ನೋಡ್ತಿದ್ದಾರೆ."

"ನೋಡ್ಲಿ ಚಿಕ್ಕಪ್ಪ. ನೋಡೋಕೇ ತಾನೆ ಬಂದಿರೋದು."

ಬುಶಹರಿನ ಆ ಬೆಳಿಗ್ಗೆ ಸಮುದ್ರದ ಗಾಳಿ ಒದ್ದೆ ಬಟ್ಟೆಯ ಹಾಗೆ ಮೈಗೆ ಅಂಟುತ್ತಿತ್ತು. ಅಂಗಳದ ಗೋಡೆಯ ನೆರಳಿನಲ್ಲಿ ಕಪ್ಪು ಅಂಗಿ ತೊಟ್ಟ ಗಂಡಸರು ಸಾಲಾಗಿ ಕುಳಿತು ಹಲ್ವಾ ತಿನ್ನುತ್ತಿದ್ದರು. ಒಂದು ಕಾಲಕ್ಕೆ ತಂಡದ ಹಿಂಬದಿ ಕಾದವನು, ಈಗ ಮೀನುಪೇಟೆಯಲ್ಲಿ ಅಂಗಡಿ ಇಟ್ಟಿರುವ ಯಾಕುಬ್, ಪಕ್ಕದವನಿಗೆ ಗೊದ್ರತ್ ಕುವೈತಿನಲ್ಲಿ ಹೊಡೆದ ಗೋಲಿನ ಕತೆ ಹೇಳುತ್ತಿದ್ದ.

"ಎಡಗಾಲಲ್ಲಿ ಹೊಡೆದ ಕಣೋ! ಗೋಲ್‌ಕೀಪರು ಇನ್ನೂ ಬಲಗಡೆ ಹಾರ್ತಾನೇ ಇದ್ದಾನೆ."

"ಬಲಗಾಲು ಅಂತಿದ್ರು ನಮ್ಮಪ್ಪ."

"ನಿಮ್ಮಪ್ಪಂಗೆ ಮೀನಿನ ತಲೆ ಯಾವುದು ಬಾಲ ಯಾವುದು ಅನ್ನೋದೇ ಗೊತ್ತಿರ್ಲಿಲ್ಲ, ಕಾಲು ಗೊತ್ತಾಗುತ್ತಾ?" ಯಾಕುಬ್ ಬೆರಳಿಗಂಟಿದ ಹಲ್ವಾ ನೆಕ್ಕಿದ, ನಕ್ಕದ್ದಕ್ಕೆ ನಾಚಿ ತಲೆ ತಗ್ಗಿಸಿದ. "ಟೆಹ್ರಾನಿಂದ ಕರೆ ಬಂದಿತ್ತು ಅವನಿಗೆ. ಅಷ್ಟರಲ್ಲಿ ಇರಾಕಿನ ಜೊತೆ ಯುದ್ಧ ಬಂತು. ಆಟ ಇಲ್ಲ, ಲೀಗ್ ಇಲ್ಲ. ಫಾರ್ವರ್ಡ್ ಒಬ್ಬನ ಒಳ್ಳೇ ವಯಸ್ಸೆಲ್ಲ ಬಂದರಿನಲ್ಲಿ ಚೀಲ ಹೊತ್ತೇ ಹೋಯ್ತು. ಗುಂಡು ನಿಂತಾಗ ಮಂಡಿ ಸವೆದಿತ್ತು. ಸರಿ, ನಾನು ಆಡಲ್ಲ, ನಿಮ್ಮನ್ನ ಆಡಿಸ್ತೀನಿ ಅಂದ. ಬಲೆ ಎಳೆಯೋರನ್ನ ಹಿಡ್ಕೊಂಡು ಮೊದಲನೇ ದರ್ಜೆಗೆ ಏರಿಸಿದ."

"ಒಳ್ಳೇವನು," ಎಂದ ಪಕ್ಕದವನು.

ಆ ಮಾತು ಮಹ್‌ಲಕಾಳ ಕಿವಿಗೆ ಬಿತ್ತು. ಬೆಳಿಗ್ಗೆಯಿಂದ ಎಲ್ಲರ ಬಾಯಲ್ಲೂ ಅದೇ ಮಾತು. ಅವಳು ಬ್ಯಾನರನ್ನು ಮುದ್ದೆಮಾಡಿ ಚಿಕ್ಕಪ್ಪನ ಕೈಗೆ ತುರುಕಿದಳು.

"ಇನ್ನೇನು ಹೊರಡೋದು," ಎಂದ ಅಸ್ಕರ್, ಅವಳ ಕಣ್ಣು ತಪ್ಪಿಸುತ್ತ. "ಜನಾಜಾ ನಮಾಜು ಕ್ರೀಡಾಂಗಣದಲ್ಲೇ ಅಂತ ಅಧ್ಯಕ್ಷ ಇರ್ಶಾದಿಯವರು ಎಲ್ಲ ಏರ್ಪಾಡು ಮಾಡಿದ್ದಾರೆ. ಅವರ ಭಾಷಣವೂ ಇದೆ. ಹೆಂಗಸರಿಗೆ ಬಸ್ಸಿದೆ, ನೇರವಾಗಿ ಖಬರಸ್ತಾನಕ್ಕೆ."

"ನಾನು?"

"ನೀನೂ ಹೆಂಗಸೇ ಅಲ್ವೇನಮ್ಮ?"

•

ಹೆಂಗಸರಿಗೆ ಪ್ರವೇಶವಿಲ್ಲದ ಆ ಕ್ರೀಡಾಂಗಣವನ್ನು ಅವಳು ಬಲ್ಲದ್ದು ಕಿವಿಯಿಂದ. ಶುಕ್ರವಾರ ಮಧ್ಯಾಹ್ನ ತಂದೆ ತನ್ನ ಬಿಳಿ ಪೈಕಾನ್ ಕಾರನ್ನು ಉತ್ತರದ ಬಾಗಿಲಿನ ಎದುರು ನಿಲ್ಲಿಸಿ, ಗಾಜನ್ನು ನಾಲ್ಕು ಬೆರಳು ಇಳಿಸಿ, "ಕೂತಿರು, ಗೆದ್ದು ಬರ್ತೀನಿ" ಎಂದು ಹೋಗುತ್ತಿದ್ದ. ಆಮೇಲೆ ಗೋಡೆಯ ಆಚೆಯಿಂದ ದಮ್ಮಾಮ್ ಡೋಲುಗಳ ಸದ್ದು ಏಳುತ್ತಿತ್ತು. ಮೊಹರಮ್ಮಿನಲ್ಲಿ ಎದೆ ಬಡಿದುಕೊಳ್ಳಲು ಬಾರಿಸುವ ಅದೇ ಡೋಲು, ಅದೇ ಕೈಗಳು. ಜನ ಒಟ್ಟಿಗೆ ಉಸಿರೆಳೆದುಕೊಂಡರೆ ಚೆಂಡು ಕಂಬಕ್ಕೆ ಬಡಿದಿದೆ ಎಂದು ಅವಳಿಗೆ ತಿಳಿಯುತ್ತಿತ್ತು. ಗೊಣಗು ಹಬ್ಬಿದರೆ ತಂದೆ ಯಾವನೋ ಆಟಗಾರನನ್ನು ಹೊರಗೆ ಕರೆದಿದ್ದಾನೆ. ಗೋಲಿನ ಸದ್ದಿಗೆ ಕಾರಿನ ತಗಡೂ ನಡುಗುತ್ತಿತ್ತು.

ರಾತ್ರಿ ಊಟವಾದ ಮೇಲೆ ಆತ ನೆಲಕ್ಕೆ ಹಾಸಿದ ಊಟದ ಬಟ್ಟೆಯ, ಅಂದರೆ ಸುಫ್ರಾದ, ಮೇಲೆ ಖರ್ಜೂರದ ಬೀಜಗಳನ್ನು ಹೂಡಿ ಇಡೀ ಆಟವನ್ನು ಅವಳಿಗೆ ಮತ್ತೊಮ್ಮೆ ಆಡಿ ತೋರಿಸುತ್ತಿದ್ದ. ಹನ್ನೊಂದು ಬೀಜ ತಮ್ಮವು, ಸಕ್ಕರೆ ತುಂಡುಗಳು ಎದುರಾಳಿಗಳು. ಯಾವ ಬೀಜ ಯಾವಾಗ ಎಲ್ಲಿಗೆ ಓಡಿತು, ಎಲ್ಲಿ ಓಡಬೇಕಾಗಿತ್ತು, ಎಲ್ಲವನ್ನೂ ಬಿಡಿಸಿ ಹೇಳುತ್ತಿದ್ದ. ಆಕೆ ಆಟ ಕಲಿತದ್ದು ಹಾಗೆ.

ಒಂದು ಬೀಜವನ್ನು ಮಾತ್ರ ಆತ ಸುಫ್ರಾದ ಅಂಚಿನಾಚೆ, ಬರಿಯ ಚಾಪೆಯ ಮೇಲೆ ಇಡುತ್ತಿದ್ದ.

"ಇದು ಯಾರು ಬಾಬಾ?"

"ನೀನು. ಕಾರಲ್ಲಿ ಕೂತಿದ್ದೀಯಲ್ಲ."

ಆಗ ಅವಳು ನಗುತ್ತಿದ್ದಳು.

ಹನ್ನೊಂದನೆಯ ವಯಸ್ಸಿನಲ್ಲಿ, ತಂಡ ಮೊದಲನೇ ದರ್ಜೆಗೆ ಏರುವ ಆಟದ ದಿನ, ಅವಳು ಜಡೆಯನ್ನು ತಾನೇ ಕತ್ತರಿಸಿಕೊಂಡು, ಅಸ್ಕರನ ಮಗನ ಅಂಗಿ ತೊಟ್ಟು, ಗಂಡಸರ ಸಾಲಿನಲ್ಲಿ ನಿಂತಳು. ಬಾಗಿಲು ಕಾಯುವ ಖೋದಾಯಾರ್ ಅವಳ ಮುಖವನ್ನೂ ಕಿವಿಯ ಓಲೆಯ ತೂತನ್ನೂ ನೋಡಿದ. ಟಿಕೆಟಿನ ಅರ್ಧ ಹರಿದು, "ಹೋಗೋ ಮರಿ, ಮೆಟ್ಲು ಹುಷಾರು" ಎಂದ. ಅವಳು ಏಳೆಂಟು ಮೆಟ್ಟಿಲು ಹತ್ತಿದ್ದಳು. ಇನ್ನು ಕೆಲವು ಹತ್ತಿದ್ದರೆ ಹುಲ್ಲು ಕಾಣುತ್ತಿತ್ತು. ಅಷ್ಟರಲ್ಲಿ ಒಂದು ಕೈ ಹಿಂದಿನಿಂದ ಅವಳ ಕಿವಿ ಹಿಡಿಯಿತು.

ಪರರು ಬಿಟ್ಟಿದ್ದರು; ತಂದೆ ಹಿಡಿದ. ಸಾಲಿನಲ್ಲಿದ್ದ ಗಂಡಸರೆಲ್ಲರ ಎದುರು ಆಕೆಯನ್ನು ಎಳೆದು ತಂದು ಕಾರಿನೊಳಗೆ ನೂಕಿ ಬೀಗ ಹಾಕಿದ. "ನನ್ನ ಕೆಲಸ ಹೋಗುತ್ತೆ, ಗೊತ್ತಾ? ನಿನ್ನಿಂದ ನನ್ನ ಕೆಲಸ ಹೋಗುತ್ತೆ!"

ಆ ರಾತ್ರಿಯೂ ಆತ ಬೀಜಗಳನ್ನು ಹೂಡಿದ, ಅಂಚಿನಾಚೆಯ ಬೀಜವನ್ನೂ ಮರೆಯದೆ. ಅವಳು ಸುಫ್ರಾದ ಮೂಲೆ ಹಿಡಿದು ಇಡೀ ಆಟವನ್ನು ಗೋಡೆಗೆ ಎಸೆದಳು. ಮತ್ತೆಂದೂ ಆ ಆಟಕ್ಕೆ ಕೂರಲಿಲ್ಲ.

ದೊಡ್ಡವಳಾದ ಮೇಲೆ ಅವಳು ಶಾಲೆಯ ಹೆಣ್ಣುಮಕ್ಕಳಿಗೆ ಒಳಾಂಗಣದಲ್ಲಿ ಆಟ ಕಲಿಸತೊಡಗಿದಳು. ಅಲ್ಲಿಗೆ ಗಂಡಸರು ಬರುವಂತಿಲ್ಲ. ಅವಳ ತಂಡದ ಪಂದ್ಯವೊಂದು ಮುಗಿದಾಗ, ಎದುರುಗಡೆ ಬಿಳಿ ಪೈಕಾನ್ ನಿಂತಿತ್ತು. ಕೆಲಸ ಕಳೆದುಕೊಂಡ ಮುದುಕ ಅದರೊಳಗೆ, ಗಾಜನ್ನು ನಾಲ್ಕು ಬೆರಳು ಇಳಿಸಿಕೊಂಡು ಕುಳಿತಿದ್ದ. ಅವಳು ಹಿಂದಿನ ಬಾಗಿಲಿನಿಂದ ಹೊರಟುಹೋದಳು. ಯಾಕೆ ಬಂದಿದ್ದೆ ಎಂದು ಕೇಳಲಿಲ್ಲ. ಆತ ಹೇಳಲೂ ಇಲ್ಲ.

•

ಬಸ್ಸು ಹೊರಡುವ ಹೊತ್ತಿಗೆ ಅವಳು ತಂದೆಯ ಕಾರಿನ ಬೀಗದಕೈ ತೆಗೆದುಕೊಂಡು ಇಳಿದುಬಿಟ್ಟಳು. ಶವದ ವ್ಯಾನಿನ ಹಿಂದೆಯೇ ಪೈಕಾನನ್ನು ಓಡಿಸಿಕೊಂಡು ಹೋಗಿ ಉತ್ತರದ ಬಾಗಿಲಿನ ಎದುರು, ಹಳೆಯ ಜಾಗದಲ್ಲೇ, ನಿಲ್ಲಿಸಿದಳು. ಕಣ್ಣೆದುರೇ ತಂದೆಯನ್ನು ಹೆಗಲ ಮೇಲೆ ಹೊತ್ತು ಒಳಗೆ ಒಯ್ದರು. ಬಾಗಿಲು ಮುಚ್ಚಿತು.

ದಮ್ಮಾಮ್ ನಿಂತಿತು. ಧ್ವನಿವರ್ಧಕದಲ್ಲಿ ನಮಾಜು ನಡೆಸುವ ಶೇಖ್ ಅಬ್ದುರ್ರಸೂಲರ ಮುದಿ ದನಿ ಕೇಳಿಸಿತು: "ನಮಾಜಿಗೆ ಮೊದಲು ಹತ್ತಿರದ ವಾರಸುದಾರರ ಅಪ್ಪಣೆ ಬೇಕು. ಯಾರಿದ್ದೀರಿ?"

ಅಸ್ಕರನ ದನಿ: "ನಾನು, ತಮ್ಮ."

"ಮಕ್ಕಳಿಲ್ಲವೆ?"

ಇಡೀ ಕ್ರೀಡಾಂಗಣ ಸುಮ್ಮನಾಯಿತು. ಆ ಗೋಡೆಯ ಆಚೆಯ ಎಲ್ಲ ಸದ್ದನ್ನೂ ಬಲ್ಲ ಮಹ್‌ಲಕಾಳಿಗೆ ಈ ಮೌನ ಹೊಸದು. ಅವಳು ಗಾಜನ್ನು ಪೂರ್ತಿ ಇಳಿಸಿದಳು.

"ಮಗಳೊಬ್ಬಳಿದ್ದಾಳೆ, ಹೊರಗೆ," ಎಂದ ಅಸ್ಕರ್.

"ಮಗಳಿರುವಾಗ ತಮ್ಮನ ಅಪ್ಪಣೆ ಯಾತಕ್ಕಪ್ಪಾ? ಅವಳನ್ನು ಕೇಳಿ ಬಾ."

ಸ್ವಲ್ಪ ಹೊತ್ತಿಗೆ ಸಣ್ಣ ಬಾಗಿಲು ತೆರೆಯಿತು. ಮುಂದೆ ಅಸ್ಕರ್, ಅವನ ಹಿಂದೆ ಬೆವರು ಒರೆಸಿಕೊಳ್ಳುತ್ತ ಅಧ್ಯಕ್ಷ ಇರ್ಶಾದಿ. ಕೈಯಲ್ಲಿ ಭಾಷಣದ ಕಾಗದ.

"ಮಗಳೇ, ಒಂದ್ ಸಲ 'ಹೂಂ' ಅಂದ್ಬಿಡು. ಶೇಖ್ ಹಟ ಹಿಡ್ದಿದ್ದಾರೆ."

"ಹೂಂ ಅನ್ನೋದು ಹೆಣದ ಎದುರಿಗೆ ನಿಂತು, ಚಿಕ್ಕಪ್ಪ. ಕಾರಲ್ಲಿ ಕೂತಲ್ಲ."

"ಖಾನುಮ್, ನಿಮ್ಮ ದುಃಖ ಅರ್ಥ ಆಗುತ್ತೆ," ಎಂದ ಇರ್ಶಾದಿ. "ಆದ್ರೆ ಹೆಂಗಸರನ್ನ ಒಳಗೆ ಬಿಡೋದು ನನ್ನ ಕೈಲಿಲ್ಲ. ಅದಕ್ಕೆ ಮೇಲಿಂದ ಅಪ್ಪಣೆ ಬರ್ಬೇಕು."

"ನಿಮ್ಮ ಅಪ್ಪಣೆ ಮೇಲಿಂದ ಬರ್ಬೇಕು. ನನ್ನ ಅಪ್ಪಣೆ ಇಲ್ಲೇ ಕೂತಿದೆ. ಕಾಯೋಣ ಅಧ್ಯಕ್ಷರೇ, ಯಾವುದು ಮೊದಲು ಬರುತ್ತೋ."

"ಬಿಸಿಲು ನೋಡಿ! ಹೆಣ ಇಟ್ಕೊಂಡು—"

"ಬಿಸಿಲಾ? ಈ ಕಾರಿನ ಬಿಸಿಲು ನನಗೆ ಹೇಳ್ಕೊಡ್ತೀರಾ? ಬನ್ನಿ, ಒಳಗೆ ಕೂತ್ ನೋಡಿ!" ಅವಳು ಪಕ್ಕದ ಬಾಗಿಲನ್ನು ಒದ್ದು ತೆರೆದಳು. "ಅವನು ನಿಮ್ಮ ನೌಕರಿಗೆ ಹೆದರಿ ನನ್ನ ಕಿವಿ ಹಿಡಿದು ಹೊರಗೆಳೆದ. ಅಂಥ ನೌಕರನ್ನ ನೀವು ಒಂದು ಫೋನಲ್ಲಿ ಒದ್ದು ಓಡಿಸಿದ್ರಿ. ಇವತ್ತು ಅವನ ಹೆಣದ ಪಕ್ಕ ನಿಂತು ಫೋಟೋ ಬೇಕು ನಿಮಗೆ. ತಗೊಳ್ಳಿ. ನಮಾಜಿಲ್ಲದ ಹೆಣದ ಫೋಟೋ ತಗೊಳ್ಳಿ!"

ಖಬರಸ್ತಾನಕ್ಕೆ ಹೋಗಬೇಕಿದ್ದ ಬಸ್ಸು ಆಗ ಮೂಲೆ ತಿರುಗಿ ಬಂತು. ತಾಯಿ ಸಕೀನೆ ಮೊದಲು ಇಳಿದಳು. ಸಾವಿನ ಮನೆಗೆ ಬಂದವರಿಗೆ ಹಂಚುವ ಖರ್ಜೂರದ ತಟ್ಟೆ ಇನ್ನೂ ಕೈಯಲ್ಲೇ ಇತ್ತು. ಅವಳು ಮಗಳಿಗೆ ಬುದ್ಧಿ ಹೇಳುತ್ತಾಳೆಂದು ಅಸ್ಕರ್ ದಾರಿ ಬಿಟ್ಟ.

"ಇರ್ಶಾದಿ ಸಾಹೇಬ್ರೇ," ಎಂದಳು ಸಕೀನೆ, ದನಿ ಏರಿಸದೆ. "ಮದುವೆ ಆದಾಗಿಂದ ಅವನ ಜರ್ಸಿ ಒಗೆದಿದ್ದೀನಿ. ಹುಲ್ಲಿನ ಕಲೆ ಎಲ್ಲ ನೋಡಿದ್ದೀನಿ, ಹುಲ್ಲು ನೋಡಿಲ್ಲ. ಬಾಗಿಲು ತೆಗೆಸಿ."

ಇರ್ಶಾದಿ ಫೋನನ್ನು ಕಿವಿಗಿಟ್ಟುಕೊಂಡ. ಆ ಕಡೆ ಯಾರೂ ಎತ್ತಲಿಲ್ಲ. ಮತ್ತೆ ಮಾಡಿದ. ಒಳಗಿನಿಂದ ಶೇಖರ ದನಿ ಕೇಳಿಸಿತು: "ಅಪ್ಪಣೆ ಬಂತೇ?" ಸಾವಿರಾರು ಗಂಡಸರ ಗೊಣಗು ಗೋಡೆ ದಾಟಿ ಬಂತು. ಯಾರನ್ನೋ ಹೊರಗೆ ಕರೆಯುವಾಗಿನ ಗೊಣಗು ಅದು. ಮಹ್‌ಲಕಾ ಅದನ್ನು ಗುರುತಿಸಿದಳು.

ಬಾಗಿಲ ಬಳಿ ಕುರ್ಚಿಯಲ್ಲಿ ಕುಳಿತಿದ್ದ ಖೋದಾಯಾರ್ ಎದ್ದ. ಅವನ ಹಲ್ಲುಗಳೆಲ್ಲ ಹೋಗಿದ್ದವು. ಅಧ್ಯಕ್ಷನ ಮುಖ ನೋಡದೆ ದೊಡ್ಡ ಬಾಗಿಲಿನ ಅಗುಳಿ ಸರಿಸಿದ.

"ಏಯ್! ಯಾರು ಹೇಳಿದ್ರು ನಿನಗೆ?"

"ಯಾರು ಹೇಳಬೇಕು ಸಾಹೇಬ್ರೇ? ಹೋದ ಸಲಾನೂ ನಾನೇ ಬಿಟ್ಟಿದ್ದು," ಎಂದ ಮುದುಕ. "ಹೋಗಮ್ಮ ಮರಿ. ಮೆಟ್ಲು ಹುಷಾರು."

•

ಮೆಟ್ಟಿಲು ಹತ್ತಿ ಇಳಿದು, ಹುಲ್ಲಿನ ಮೇಲೆ ಕಾಲಿಟ್ಟಾಗ ಅವಳಿಗೆ ಹೊಳೆದ ಮೊದಲ ವಿಷಯ, ಆ ಬಯಲು ಸುಫ್ರಾದ ಹಾಗೆ ಚಪ್ಪಟೆಯಾಗಿಲ್ಲ ಎಂಬುದು. ನೀರು ಹರಿದುಹೋಗಲೆಂದು ನಡುವೆ ಉಬ್ಬಿತ್ತು. ಇದನ್ನು ಬೀಜಗಳು ಹೇಳಿರಲಿಲ್ಲ. ಇಷ್ಟು ಸಣ್ಣ ಸಂಗತಿಗೇ ಸಿಟ್ಟಾಗಿ ಅವಳು ಆ ಉಬ್ಬಿನ ಕಡೆಗೆ ಬಿರಬಿರನೆ ನಡೆದಳು.

ಅವಳ ಹಿಂದೆ ಬಸ್ಸಿನ ಹೆಂಗಸರೆಲ್ಲ ಬರುತ್ತಿದ್ದರು. ಗಂಡಸರ ಸಾಲು ಇಬ್ಭಾಗವಾಗಿ ದಾರಿ ಬಿಟ್ಟಿತು. ಡೋಲಿನವರ ನಡುವಿನಿಂದ ಯಾಕುಬ್ ಒಂದು ದಮ್ಮಾಮನ್ನು ಕಸಿದುಕೊಂಡು ಒಂದೇ ಒಂದು ಪೆಟ್ಟು ಹೊಡೆದ, ತಂಡ ಮೈದಾನಕ್ಕಿಳಿಯುವಾಗ ಹೊಡೆಯುವ ಹಾಗೆ.

ಹೆಣ ಮಲಗಿಸಿದ ಜನಾಜಾವನ್ನು ನಡುಗೆರೆಯ ಬಳಿ ಇಟ್ಟಿದ್ದರು. ಶೇಖರು ಕೇಳಿದರು: "ಮಗಳೇ, ಅಪ್ಪಣೆಯೇ?"

"ಅಪ್ಪಣೆ."

ನಮಾಜು ಮುಗಿಯಿತು. ಇರ್ಶಾದಿ ಕಾಗದ ಬಿಚ್ಚಿಕೊಂಡು ಧ್ವನಿವರ್ಧಕದ ಕಡೆ ಬಂದ; ಯಾಕುಬ್ ಮತ್ತೊಂದು ಪೆಟ್ಟು ಹೊಡೆದ. ಇರ್ಶಾದಿ ಬಾಯಿ ತೆರೆದ; ಇನ್ನೊಂದು ಪೆಟ್ಟು. ಕೊನೆಗೆ ಅವನು ಕಾಗದ ಮಡಿಸಿದ.

ಶೇಖರು ಸಂಪ್ರದಾಯದ ಮಾತು ಕೇಳಿದರು: "ಈತ ನಿಮ್ಮಲ್ಲಿ ಯಾರಿಗಾದರೂ ನೋವು ಮಾಡಿದ್ದರೆ, ಮನ್ನಿಸಿದ್ದೀರಾ?"

"ಮನ್ನಿಸಿದ್ದೇವೆ!" ಎಂದಿತು ಇಡೀ ಕ್ರೀಡಾಂಗಣ.

ಮತ್ತೆ ಕೇಳಿದರು. ಮತ್ತೆ ಅದೇ ಕೂಗು; ಅದರೊಳಗೆ ಸಕೀನೆಯ ಒಡೆದ ದನಿಯೂ ಇತ್ತು. ಮೂರನೆಯ ಸಲ ಕೇಳುವಾಗ ಶೇಖರು ಮಹ್‌ಲಕಾಳ ಕಡೆ ತಿರುಗಿದರು. ಅವರ ಜೊತೆ ಸುತ್ತಲಿನವರೆಲ್ಲ ತಿರುಗಿದರು.

ಅವಳು ತಾಯಿಯ ತಟ್ಟೆಗೆ ಕೈ ಚಾಚಿದಳು. ಒಂದು ಖರ್ಜೂರ ತೆಗೆದು, ಎಲ್ಲರೂ ನೋಡುತ್ತಿದ್ದಂತೆಯೇ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿಯತೊಡಗಿದಳು. ಎಲ್ಲಿಯೋ ಒಬ್ಬ "ಅಯ್ಯೋ" ಎಂದ. ಅಸ್ಕರ್ ಹಣೆ ಹಿಡಿದುಕೊಂಡ. ಶೇಖರು ಕಾದರು. ಬಾಯಿ ಖಾಲಿಯಾಗುವ ಸೂಚನೆ ಕಾಣದೆ, ಕಣ್ಣು ಮುಚ್ಚಿ, "ಎತ್ತಿರಪ್ಪಾ" ಎಂದರು.

ಆಟಗಾರರ ಹೆಗಲ ಮೇಲೆ ಜನಾಜಾ ಎದ್ದಿತು. ಜನ ಅದರ ಹಿಂದೆ ಬಾಗಿಲ ಕಡೆ ಹರಿದರು. ಮಹ್‌ಲಕಾ ನಿಂತಲ್ಲೇ ನಿಂತಳು. ಬಾಯಿಂದ ಬೀಜ ತೆಗೆದು, ತಲೆಯಿಂದ ಹೊದ್ದಿದ್ದ ಚಾದರದ ಅಂಚಿನಲ್ಲಿ ಒರೆಸಿ, ಮೈದಾನದ ನಟ್ಟನಡುವೆ ಸುಣ್ಣದ ಬಿಳಿ ಬೊಟ್ಟಿನ ಮೇಲೆ ಇಟ್ಟಳು. ಹಿಮ್ಮಡಿಯಿಂದ ಒತ್ತಿದಳು. ಮಣ್ಣು ಗಟ್ಟಿಯಾಗಿತ್ತು, ಮೈಯ ಭಾರವನ್ನೆಲ್ಲ ಹಾಕಿ ಇನ್ನೊಮ್ಮೆ ಒತ್ತಿದಳು.

ಬಾಗಿಲ ಬಳಿ ಜನಾಜಾ ಒಂದು ಗಳಿಗೆ ನಿಂತಿತು. ಅವಳು ಅವಸರ ಮಾಡಲಿಲ್ಲ. ಗೆರೆಗಳನ್ನು ತುಳಿಯುತ್ತಲೇ, ಕಪ್ಪು ಚಾದರದ ಅಂಚಿಗೆ ಸುಣ್ಣ ಮೆತ್ತಿಸಿಕೊಂಡು ಅತ್ತ ನಡೆದಳು.